ಏಕೈಕ ಮಾದರಿ ಮನೆಗಳ ಬೀದಿ

ಮೋರ್ಕಮ್ ಪಟ್ಟಣದ ಹ್ಯಾಡಕ್ ಬೀದಿಯಲ್ಲಿ ಇಪ್ಪತ್ತಾರು ಮನೆಗಳಿವೆ. ಕಳೆದ ಮಾರ್ಚ್ ತಿಂಗಳ ಕೊನೆಯ ಹೊತ್ತಿಗೆ ಅವುಗಳಲ್ಲಿ ಹತ್ತೊಂಬತ್ತು ಮನೆಗಳು, ಆ ಬೀದಿಯಲ್ಲಿ ಆಯ್ಕೆಯಾದ ಏಕೈಕ ಮಾದರಿ ಮನೆ ಎಂಬ ಗೌರವಕ್ಕೆ ಪಾತ್ರವಾಗಿದ್ದವು. ಆಯ್ಕೆ ಮಾಡಿದವರು ಬ್ಲೆಂಕಿನ್‌ಸಾಪ್ ಅಂಡ್ ಡಾಟರ್ಸ್ ಕಿಟಕಿ ಕಂಪನಿಯವರು. ವಿಷಯ ಹೊರಗೆ ಹೋದರೆ ಅಕ್ಕಪಕ್ಕದವರಿಗೆ ಹೊಟ್ಟೆಕಿಚ್ಚಾದೀತು, ದಯವಿಟ್ಟು ಗುಟ್ಟಾಗಿಡಿ ಎಂದು ಕಂಪನಿ ಪ್ರತಿ ಮನೆಯಲ್ಲೂ ಕೇಳಿಕೊಂಡಿದ್ದರಿಂದ, ಹತ್ತೊಂಬತ್ತು ಮನೆಯವರೂ ಒಬ್ಬರನ್ನೊಬ್ಬರು ಕನಿಕರದಿಂದ ನೋಡುತ್ತಾ ಓಡಾಡುತ್ತಿದ್ದರು.

ಈನಿಡ್ ಆರ್ಮರಾಡ್ ಅವರದೂ ಅಂಥ ಒಂದು ಏಕೈಕ ಮನೆ. ಈಕೆ ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಎರಡನೇ ಸಲ ಕಸ್ಟರ್ಡ್ ಹಾಕಿಸಿಕೊಳ್ಳಲು ಬಂದು "ನನಗೆ ಇನ್ನೂ ಸಿಕ್ಕೇ ಇಲ್ಲ" ಎನ್ನುವ ಮಕ್ಕಳನ್ನು ದೂರದಿಂದಲೇ ಗುರುತಿಸುತ್ತಿದ್ದರು. ತನಗೆ ಯಾರೂ ಟೋಪಿ ಹಾಕಲಾರರು ಎಂಬ ಅವರ ನಂಬಿಕೆಗೆ ಊರಿನಲ್ಲಿ ಯಾರದೂ ತಕರಾರಿರಲಿಲ್ಲ.

ಕಂಪನಿಯ ಮಾರಾಟ ಸಲಹೆಗಾರ ಕ್ಲೈವ್ ಟನಿಕ್ಲಿಫ್ ಒಂದು ಗುರುವಾರ ಮಧ್ಯಾಹ್ನ ಮಳೆಯಲ್ಲಿ ನೆನೆದುಕೊಂಡು ಬಂದ. ನಲವತ್ತು ದಾಟಿದ ಮನುಷ್ಯ, ಭುಜ ಜಾರುವ ಸೂಟು. ಹೇಳುವ ಮೊದಲೇ ಬಾಗಿಲಲ್ಲಿ ಬೂಟು ಬಿಚ್ಚಿಟ್ಟ. ಅಲ್ಲಿಗೇ ಅರ್ಧ ವ್ಯಾಪಾರ ಮುಗಿಯಿತು. ಒಳಗೆ ಬಂದು ಕೈಯಲ್ಲಿದ್ದ, ತೇವ ಅಳೆಯುವ ಪುಟ್ಟ ಯಂತ್ರವನ್ನು ಕಿಟಕಿಗೆ ಒತ್ತಿದ. ಅದು ಕೆಂಪು ದೀಪ ಹಚ್ಚಿಕೊಂಡು ಕಿರುಚಿತು. ಡಾಕ್ಟರು ನಿಟ್ಟುಸಿರು ಬಿಡುವ ಹಾಗೆ ಕ್ಲೈವ್ ನಿಟ್ಟುಸಿರು ಬಿಟ್ಟ. ಆ ಯಂತ್ರ ಟೀ ಕಪ್ಪಿಗೂ ಕುರ್ಚಿಗೂ ಕ್ಲೈವನ ಮೊಣಕಾಲಿಗೂ ಅಷ್ಟೇ ಜೋರಾಗಿ ಕಿರುಚಿದ್ದನ್ನು ಈನಿಡ್ ಗಮನಿಸಿದರು. ಮಳೆಯಲ್ಲಿ ಬಂದವನ ಮೊಣಕಾಲು ತೇವವಿರುವುದು ಸಹಜವಾದ್ದರಿಂದ ಯಂತ್ರದ ಮೇಲೆ ಅವರ ವಿಶ್ವಾಸ ಹೆಚ್ಚೇ ಆಯಿತು.

ಒಂದೇ ಪದರ ಗಾಜಿನ ಹಳೆಯ ಕಿಟಕಿಗಳನ್ನು ಸರ್ಕಾರ ಸದ್ಯದಲ್ಲೇ ನಿಷೇಧಿಸಬಹುದು ಎಂದು ಕ್ಲೈವ್ ತಿಳಿಸಿದ. 'ಬಹುದು' ಎಂಬುದನ್ನು ಅವನು ಬಹಳ ಮೆಲ್ಲಗೆ ಹೇಳಿದ. ಆಮೇಲೆ ಎರಡು ತಟ್ಟೆ ಕುರಿಮಾಂಸದ ಹಾಟ್‌ಪಾಟ್ ತಿಂದು, ಇಡೀ ಮನೆಯ ಕಿಟಕಿಗಳಿಗೆ ಇಪ್ಪತ್ತೆರಡು ಸಾವಿರ ಪೌಂಡು ಎಂದ. ಈನಿಡ್ ನಕ್ಕರು. ಕ್ಲೈವ್ ಬೇಸರ ಪಡಲಿಲ್ಲ. ಪ್ರಾಂತೀಯ ನಿರ್ದೇಶಕರನ್ನು ಕೇಳಿ ನೋಡುತ್ತೇನೆ ಎಂದು ಮೊಬೈಲ್ ತೆಗೆದ. ಅದರ ಬ್ಯಾಟರಿ ಸತ್ತಿತ್ತು. ಹಜಾರದಲ್ಲಿದ್ದ ಈನಿಡ್ ಅವರ ಫೋನನ್ನೇ ಉಪಯೋಗಿಸಲು ಅಪ್ಪಣೆ ಬೇಡಿದ.

ಒಳಗೆ ಕೂತಿದ್ದ ಈನಿಡ್ ಕಿವಿಗೆ ಆ ಕಡೆಯ ಮಾತು ಬೀಳಲಿಲ್ಲ, ಈ ಕಡೆಯದು ಬಿತ್ತು. "ಸರ್, ಈ ಅಮ್ಮಾವ್ರು ತುಂಬಾ ಒಳ್ಳೆಯವರು ಸರ್. ಏನಾದ್ರೂ ಕಮ್ಮಿ ಮಾಡ್ಬೇಕು ಸರ್. ಹೌದು ಸರ್, ಊಟ ಆಯ್ತು ಸರ್. ಇಲ್ಲ ಸರ್, ಕೋಟು ಹಾಕ್ಕೊಂಡೇ ಬಂದಿದೀನಿ." ಕೈಕೆಳಗಿನವರ ಊಟ ಉಡುಗೆ ವಿಚಾರಿಸುವ ಅಧಿಕಾರಿಗಳು ಈ ಕಾಲದಲ್ಲೂ ಇದ್ದಾರೆ ಎಂದು ಈನಿಡ್ ಮನಸ್ಸು ಕರಗಿತು. ಕ್ಲೈವ್ ಒದ್ದೆ ಕಣ್ಣಿನಲ್ಲಿ ಒಳಗೆ ಬಂದು ಅರ್ಧ ಬೆಲೆ ಎಂದ. ಮಾದರಿ ಮನೆ ಎಂಬ ಕಾರಣಕ್ಕೆ, ಇವತ್ತು ಸಂಜೆ ಆರು ಗಂಟೆಯವರೆಗೆ ಮಾತ್ರ. ಮನೆಯ ಮುಂಭಾಗದ ಕಿಟಕಿಯಲ್ಲಿರುವ ಬಣ್ಣದ ಗಾಜಿನ ಗತಿಯೇನು ಎಂದು ಈನಿಡ್ ಕೇಳಿದ್ದಕ್ಕೆ, ಅದು ಎಲ್ಲಿಗೂ ಹೋಗುವುದಿಲ್ಲ ಎಂದ. ಆರಕ್ಕೆ ಐದು ನಿಮಿಷವಿರುವಾಗ ಈನಿಡ್ ಸಹಿ ಹಾಕಿದರು.

ಆ ಬಣ್ಣದ ಗಾಜು ಅವರ ಗಂಡ ಆರ್ನಲ್ಡ್ ತಂದಿದ್ದು. ಹಳೆಯ ಪ್ರಾರ್ಥನಾ ಮಂದಿರವೊಂದನ್ನು ಕೆಡವುವಾಗ ಕೂಲಿಯ ಬದಲು ಅದನ್ನೇ ಕೇಳಿ ತೆಗೆದುಕೊಂಡು, ಕಂಬಳಿಯಲ್ಲಿ ಸುತ್ತಿ, ತಳ್ಳುಗಾಡಿಯಲ್ಲಿಟ್ಟು ತಂದಿದ್ದ. ನೀಲಿ ನೀರು, ಮೂರು ಹಳದಿ ಮೀನು. ಮಧ್ಯಾಹ್ನ ಬಿಸಿಲು ಬಂದರೆ ಮೀನುಗಳು ನೆಲಹಾಸಿನ ಮೇಲೆ ಇಳಿದು ಅಡುಗೆಮನೆಯವರೆಗೆ ಬರುತ್ತಿದ್ದವು. ಆರ್ನಲ್ಡ್ ತೀರಿಕೊಂಡು ಆರು ವರ್ಷವಾಗಿತ್ತು. ಮೀನುಗಳು ಮಾತ್ರ ಬಿಸಿಲಿದ್ದ ದಿನ ತಪ್ಪದೆ ಬರುತ್ತಿದ್ದವು.

ಮರುದಿನ ಅಳತೆಯವನು ಬಂದು ಗಾಜಿನ ಮೇಲೆ ಪೆನ್ಸಿಲಿನಿಂದ ಕುಟ್ಟಿ, ಇದು ಕಂಪನಿಗೆ ಸೇರುತ್ತೆ, ಒಪ್ಪಂದದಲ್ಲಿದೆ ಎಂದ. ಗಾಜು ಎಲ್ಲಿಗೂ ಹೋಗುವುದಿಲ್ಲ ಎಂದು ಕ್ಲೈವ್ ಹೇಳಿದ್ದನಲ್ಲ ಎಂದು ಈನಿಡ್ ಕೇಳಿದರೆ, ಹೌದು, ನಮ್ಮ ಗೋದಾಮಿನಿಂದ ಎಲ್ಲಿಗೂ ಹೋಗುವುದಿಲ್ಲ ಎಂದ.

ಈನಿಡ್ ಅವತ್ತು ಮೊದಲ ಬಾರಿಗೆ ಗುಟ್ಟು ಬಿಟ್ಟರು. ಬೇಲಿಯಾಚೆ ಬಟ್ಟೆ ಹರವುತ್ತಿದ್ದ ಪಕ್ಕದ ಮನೆಯ ಹಿಲ್ಡಾ ಕ್ರಾಸ್‌ಡೇಲಳಿಗೆ ತಾನು ಏಕೈಕ ಮಾದರಿ ಮನೆ ಎಂದು ಹೇಳಿದರು.

"ನೀನಲ್ಲ ಕಣೇ, ನಾನು," ಎಂದಳು ಹಿಲ್ಡಾ.

"ನಿಂಗೂ ಅರ್ಧ ಬೆಲೆ ಅಂದ್ನಾ?"

"ಅರ್ಧ ಅಲ್ಲ, ಅದಕ್ಕಿಂತ ಸ್ವಲ್ಪ ಹೆಚ್ಚು. ನನ್ನ ಪುಡಿಂಗ್ ಅವನಿಗೆ ಹಿಡಿಸ್ಲಿಲ್ಲ ಅನ್ಸತ್ತೆ."

ಸಂಜೆಯೊಳಗೆ ಬೀದಿಯ ಹತ್ತೊಂಬತ್ತು ಏಕೈಕ ಮನೆಗಳ ಲೆಕ್ಕ ಸಿಕ್ಕಿತು.

ಊರಿನ ಗ್ರಂಥಾಲಯದಲ್ಲಿ ವಾರಕ್ಕೊಮ್ಮೆ ಬಂದು ಕೂರುವ ಗ್ರಾಹಕ ಸಲಹೆಗಾರರನ್ನು ಈನಿಡ್ ಕಂಡರು. ಮನೆಗೆ ಬಂದು ಮಾಡಿಕೊಂಡ ಒಪ್ಪಂದವನ್ನು ಹದಿನಾಲ್ಕು ದಿನದೊಳಗೆ ಬೇಡ ಎನ್ನುವ ಹಕ್ಕು ಕಾನೂನಿನಲ್ಲಿದೆ, ಬೇಡ ಎಂದು ಬರೆದು ಕಳಿಸಿದರೆ ಮುಗಿಯಿತು ಎಂದು ಅವರು ವಿವರಿಸಿದರು. ನಿಜಕ್ಕೂ ಮುಗಿಯುತ್ತಾ ಎಂದು ಈನಿಡ್ ಕೇಳಿದರು. "ಕಾನೂನು ನಿಮ್ಮ ಕಡೆ ಇದೆ ಅಮ್ಮಾ. ಲಾರಿ ಅವರ ಕಡೆ ಇದೆ," ಎಂದರು ಸಲಹೆಗಾರರು.

ಈನಿಡ್ ಬರೆದು ಕಳಿಸಿದರು. ಕಂಪನಿಯ ಗ್ರಾಹಕ ಸಂತೋಷ ವಿಭಾಗ ಕೂಡಲೇ ಉತ್ತರಿಸಿತು:

"ತಾವು ರದ್ದತಿ ಬಯಸಿರುವುದನ್ನು ತಿಳಿದು ವಿಭಾಗವು ಸಂತೋಷಪಡುತ್ತದೆ. ರದ್ದತಿಯು ತಮ್ಮ ಹಕ್ಕಾಗಿರುತ್ತದೆ. ಆದಾಗ್ಯೂ, ತಮಗೆ ನೀಡಲಾದ ರಿಯಾಯಿತಿಯು ತಮ್ಮ ಸ್ವತ್ತಾಗಿರದೆ, ಅದನ್ನು ನೀಡಿದ ಪ್ರಾಂತೀಯ ನಿರ್ದೇಶಕರ ಔದಾರ್ಯವಾಗಿರುತ್ತದೆ. ಸದರಿ ಔದಾರ್ಯವನ್ನು ಸದರಿ ನಿರ್ದೇಶಕರೇ ಲಿಖಿತವಾಗಿ ಹಿಂಪಡೆಯದ ಹೊರತು ಕಿಟಕಿಗಳನ್ನು ಅಳವಡಿಸದಿರಲು ಕಂಪನಿಗೆ ಮನಸ್ಸು ಬಾರದು. ಅಳವಡಿಕೆ ತಂಡವು ಬರುವ ಬುಧವಾರ ಹಾಜರಾಗಲಿದೆ."

ಈ ನಿಯಮವನ್ನು ರೂಪಿಸಿದವರು ಕಂಪನಿಯ ಮಾಲೀಕ ರಾಡ್ನಿ ಬ್ಲೆಂಕಿನ್‌ಸಾಪ್. ಕಂಪನಿಗೆ ಪ್ರಾಂತೀಯ ನಿರ್ದೇಶಕರೇ ಇಲ್ಲದ್ದರಿಂದ ನಿಯಮ ಇಲ್ಲಿಯವರೆಗೆ ಸುಸೂತ್ರವಾಗಿ ನಡೆದುಕೊಂಡು ಬಂದಿತ್ತು.

ಈನಿಡ್ ಸಂತೋಷ ವಿಭಾಗಕ್ಕೆ ಫೋನ್ ಮಾಡಿ ನಿರ್ದೇಶಕರ ನಂಬರು ಕೇಳಿದರು. ಅದು ಮಾರಾಟ ಸಲಹೆಗಾರರಿಗೆ ಮಾತ್ರ ತಿಳಿದಿರುತ್ತದೆ ಎಂದು ವಿಭಾಗ ಹೇಳಿತು. ಸಲಹೆಗಾರರ ನಂಬರು ಕೇಳಿದರು. ಅದು ನಿರ್ದೇಶಕರಿಗೆ ಮಾತ್ರ ತಿಳಿದಿರುತ್ತದೆ ಎಂದಿತು. ಈನಿಡ್ ಫೋನು ಕೆಳಗಿಟ್ಟು ಹಜಾರದ ಮೆಟ್ಟಿಲ ಮೇಲೆ ಕೂತರು. ತನಗೂ ಟೋಪಿ ಬಿತ್ತು ಎಂಬುದು ಅವರಿಗೆ ಪೂರ್ತಿಯಾಗಿ ಮನವರಿಕೆಯಾದದ್ದು ಆಗಲೇ. ಅಳು ಬರಬಹುದು ಎಂದು ಸ್ವಲ್ಪ ಕಾದರು. ಅದು ಬರುವ ಮೊದಲು ನೆನಪು ಬಂತು: ಕ್ಲೈವ್ ಮಾತಾಡಿದ್ದು ಇದೇ ಫೋನಿನಿಂದ. ಫೋನಿನ ಗುಂಡಿ ಒತ್ತಿ, ಈಚೆಗೆ ಮಾಡಿದ ನಂಬರುಗಳನ್ನು ಒಂದೊಂದಾಗಿ ಹಿಂದೆ ಸರಿಸುತ್ತಾ ಹೋದರು. ಗುರುವಾರದ್ದು ಸಿಕ್ಕಿತು.

ಆ ಕಡೆ ಒಬ್ಬ ಮುದುಕಿ ಎತ್ತಿಕೊಂಡಳು. "ಕ್ಲೈವಾ? ಊಟ ಆಯ್ತೇನೋ?"

"ಕ್ಲೈವ್ ಅಲ್ಲ. ನಾನು ಈನಿಡ್ ಆರ್ಮರಾಡ್ ಅಂತ. ಪ್ರಾಂತೀಯ ನಿರ್ದೇಶಕರು ಇದಾರಾ?"

"ಯಾರು?"

"ಗುರುವಾರ ನನಗೆ ಹನ್ನೊಂದು ಸಾವಿರ ಪೌಂಡು ಬಿಟ್ಟುಕೊಟ್ಟೋರು."

"ಗುರುವಾರ ಅವನು ಮಾಡಿದ್ದು ನಂಗೇ," ಎಂದಿತು ಧ್ವನಿ. "ಹಾಗಾದ್ರೆ ನಾನೇ ಬಿಟ್ಟುಕೊಟ್ಟಿರ್ಬೇಕು. ನನ್ನ ಸರ್ ಸರ್ ಅಂತಿದ್ದಿದ್ದು ಇದಕ್ಕೇನಾ? ನಾನು ಅವನಿಗೆ ನೆಗಡಿ ನೆತ್ತಿಗೇರಿದೆ ಅಂದ್ಕೊಂಡಿದ್ದೆ."

ಮರುದಿನವೇ ಈನಿಡ್ ಮತ್ತು ಹಿಲ್ಡಾ ಬಸ್ಸು ಹಿಡಿದು ಆ ಮುದುಕಿಯಿದ್ದ ಕಾರ್ನ್‌ಫೋರ್ತಿಗೆ ಹೋದರು. ಕ್ಲೈವನ ತಾಯಿ ಪಾಲೀನ್ ಟನಿಕ್ಲಿಫ್ ಸಣ್ಣ ಆಕಾರದ, ದೊಡ್ಡ ಏಪ್ರನ್ನಿನ ಹೆಂಗಸು. ಮಗ ದಿನಾ ಯಾರ್ಯಾರದೋ ಮನೆಯಿಂದ ಫೋನ್ ಮಾಡುತ್ತಾನೆ, ಇನ್ನೂ ಸ್ವಲ್ಪ ಕಮ್ಮಿ ಮಾಡಿ ಸರ್ ಅನ್ನುತ್ತಾನೆ, ತಾನು ಉಪ್ಪು ಕಮ್ಮಿ ತಿನ್ನು ಎಂದರೆ ಥ್ಯಾಂಕ್ಯೂ ಸರ್ ಎಂದು ಇಟ್ಟುಬಿಡುತ್ತಾನೆ ಎಂದು ಆಕೆ ಹೇಳಿದಳು. ಹೀಗೆ ತಾನು ಆರು ವರ್ಷದಿಂದ ಲಂಕಾಶೈರಿನ ಉತ್ತರ ಭಾಗಕ್ಕೆ ರಿಯಾಯಿತಿ ಕೊಡುತ್ತಿದ್ದೇನೆಂದು ಆಕೆಗೆ ಗೊತ್ತಿರಲಿಲ್ಲ.

ಅಮ್ಮ ಕರೆಸಿದ್ದರಿಂದ ಕ್ಲೈವನೂ ಬಂದ. ಈನಿಡ್ ಅವರನ್ನು ನೋಡಿ ಬಾಗಿಲಲ್ಲೇ ಬೂಟು ಬಿಚ್ಚಿ, ಕೈಯಲ್ಲಿ ಹಿಡಿದುಕೊಂಡು ನಿಂತ.

"ತರಬೇತಿಯಲ್ಲಿ ಯಾರಿಗಾದ್ರೂ ಫೋನ್ ಮಾಡ್ಬೇಕು ಅಂತ ಹೇಳಿಕೊಟ್ರು," ಎಂದ. "ಯಾರಿಗೆ ಅಂತ ಹೇಳ್ಲಿಲ್ಲ. ಮೊದ್ಲು ಟೈಮ್ ಹೇಳೋ ನಂಬರಿಗೆ ಮಾಡ್ತಿದ್ದೆ. ಅದು ನನ್ನ ಏನೂ ಕೇಳ್ತಿರ್ಲಿಲ್ಲ."

ಈನಿಡ್ ಬೈಯಲೆಂದೇ ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದರು. ಆ ಮಾತುಗಳಲ್ಲಿ ಒಂದೂ ಈ ಉತ್ತರಕ್ಕೆ ಹೊಂದಲಿಲ್ಲ. ಪಾಲೀನ್ ಮಗನನ್ನು ಕೂರಿಸಿ ಸೂಪು ಬಡಿಸಿ, ಕುಡಿಯುವಾಗ ನಡುನಡುವೆ ತಲೆಗೆ ಮೊಟಕಿದಳು. ಆಮೇಲೆ ಕನ್ನಡಕ ಹಾಕಿಕೊಂಡು ಬರೆದಳು: "ಈನಿಡ್ ಆರ್ಮರಾಡ್ ಅವರಿಗೆ ನಾನು ಕೊಟ್ಟಿದ್ದನ್ನು ನಾನೇ ವಾಪಸು ತಗೊಂಡಿದ್ದೇನೆ. ಅವರ ಮೀನು ಮುಟ್ಟಬೇಡಿ. ಪಾಲೀನ್ ಟನಿಕ್ಲಿಫ್, ಪ್ರಾಂತೀಯ ನಿರ್ದೇಶಕಿ."

ಬುಧವಾರ ಬೆಳಿಗ್ಗೆ ಲಾರಿ ಬಂತು. ಅಳವಡಿಕೆ ತಂಡದವರು ಮೀಟುಗೋಲು ಇಳಿಸಿಕೊಂಡು ಮುಂದಿನ ಕಿಟಕಿಗೆ ಏಣಿ ಆನಿಸಿದರು. ಈನಿಡ್ ಏಣಿಗೂ ಗೋಡೆಗೂ ನಡುವೆ ನಿಂತು ಚೀಟಿ ಕೊಟ್ಟರು. ಮೇಸ್ತ್ರಿ ಚೀಟಿಯನ್ನು ಎರಡು ಸಲ ಓದಿ, ತಲೆ ಕೆರೆದುಕೊಂಡು, ಕೇಂದ್ರ ಕಚೇರಿಗೆ ಫೋನ್ ಮಾಡಿದ.

ಬ್ಲೆಂಕಿನ್‌ಸಾಪ್ ಅವರ ಮುಂದೆ ಎರಡು ದಾರಿಗಳಿದ್ದವು. ಇಂಥ ನಿರ್ದೇಶಕಿ ಇಲ್ಲ ಎಂದರೆ ಆರು ವರ್ಷ ಕೊಟ್ಟ ರಿಯಾಯಿತಿಗಳೆಲ್ಲ ಯಾರೂ ಕೊಟ್ಟಿದ್ದಲ್ಲ ಎಂದಾಗುತ್ತದೆ; ಆಗ ಮೊದಲು ಹೇಳಿದ ಬೆಲೆಯೂ ಬೆಲೆಯಲ್ಲ ಎಂದಾಗುತ್ತದೆ; ಆಗ ಕೇಳಲು ಬರುವವರು ಬೇರೆ ತರಹದವರು, ಸಮವಸ್ತ್ರದವರು. ಇದ್ದಾಳೆ ಎಂದರೆ ಒಂದು ಮನೆಯ ಕಿಟಕಿ ಹೋಗುತ್ತದೆ. ಒಂದು ಕಪ್ ಟೀ ಮುಗಿಯುವಷ್ಟು ಹೊತ್ತು ಯೋಚಿಸಿ ಅವರು, "ಪಾಲೀನಾ? ತುಂಬಾ ದಕ್ಷ ಅಧಿಕಾರಿ. ಆಕೆ ಹೇಳಿದ ಹಾಗೆ ಮಾಡಿ," ಎಂದರು. ಏಣಿ ಇಳಿಯಿತು.

ಹೋಗುವುದು ಒಂದೇ ಮನೆ ಎಂಬ ಅವರ ಲೆಕ್ಕ ಮಾತ್ರ ತಪ್ಪಾಯಿತು. ಉಳಿದ ಹದಿನೆಂಟು ಏಕೈಕ ಮನೆಯವರು ಅದೇ ವಾರ ಕಾರ್ನ್‌ಫೋರ್ತಿನ ಬಸ್ಸು ಹತ್ತಿದರು. ಪಾಲೀನ್ ಒಬ್ಬರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ, ಬರಿಹೊಟ್ಟೆಯಲ್ಲೂ ಕಳಿಸಲಿಲ್ಲ. ಅಕ್ಕಪಕ್ಕದ ಊರಿನವರಿಗೆ ಸುದ್ದಿ ಮುಟ್ಟಿತು. ಕಂಪನಿ ತುರ್ತುಸಭೆ ಸೇರಿ, ತಡೆಯಲಾಗದ್ದನ್ನು ಸೌಲಭ್ಯವೆಂದು ಘೋಷಿಸುವುದು ಮೇಲು ಎಂದು ತೀರ್ಮಾನಿಸಿತು. ಮೇ ತಿಂಗಳಲ್ಲಿ ಪ್ರಕಟಣೆ ಹೊರಬಿತ್ತು:

"ಗ್ರಾಹಕರ ಅಪಾರ ಬೇಡಿಕೆಯ ಮೇರೆಗೆ, ಪ್ರಾಂತೀಯ ನಿರ್ದೇಶಕಿಯವರು ಮಂಗಳವಾರ ಮತ್ತು ಶುಕ್ರವಾರಗಳಂದು ತಮ್ಮ ಅಡುಗೆಮನೆಯಲ್ಲಿ ರದ್ದತಿಗಾಗಿ ಲಭ್ಯರಿರುತ್ತಾರೆ. ಟೋಕನ್ ಕಡ್ಡಾಯ. ಬೂಟುಗಳನ್ನು ಹೊರಗೆ ಬಿಡತಕ್ಕದ್ದು. ಸೂಪು ಉಚಿತ. ಈ ಸೇವೆ ಬೇರೆ ಯಾವ ಕಿಟಕಿ ಕಂಪನಿಯಲ್ಲೂ ಇರುವುದಿಲ್ಲ."

ಕಂಪನಿಯ ವ್ಯಾಪಾರ ಇಮ್ಮಡಿಯಾಯಿತು. ಇಷ್ಟು ಚೆನ್ನಾಗಿ ಬಿಡಿಸಿಕೊಳ್ಳಬಹುದಾದ ಒಪ್ಪಂದವನ್ನು ತಾವು ಹಿಂದೆ ಕಂಡಿರಲಿಲ್ಲ ಎಂದು ಜನ ಧೈರ್ಯವಾಗಿ ಸಹಿ ಹಾಕತೊಡಗಿದರು. ಕೆಲವರು ಸೂಪಿನ ರುಚಿ ಕೇಳಿಯೇ ಸಹಿ ಹಾಕಿದರು. ಗ್ರಂಥಾಲಯದ ಸಲಹೆಗಾರರು ಒಮ್ಮೆ ಬಂದು ನೋಡಿ, ಕಾನೂನಿನಲ್ಲಿ ಹೀಗೆಲ್ಲೂ ಹೇಳಿಲ್ಲ, ಆದರೆ ಹೀಗೆ ಮಾಡಬಾರದು ಎಂದೂ ಹೇಳಿಲ್ಲ ಎಂದು ಅಭಿಪ್ರಾಯಪಟ್ಟು, ಎರಡನೇ ಬಟ್ಟಲು ಕೇಳಿದರು. ಸರದಿ ಉದ್ದವಾದ್ದರಿಂದ ಟೋಕನ್ ಕೊಡಲು ಒಬ್ಬರು ಬೇಕಾಯಿತು. ಸರದಿ ತಪ್ಪಿಸಿ ನುಗ್ಗುವವರ ಮುಖ ನೋಡಿಯೇ ಹೇಳಬಲ್ಲವರೆಂದು ಆ ಹುದ್ದೆ ಈನಿಡ್ ಅವರಿಗೆ ಬಂತು. ಅವರಿಗೂ ಮನೆಯಲ್ಲಿ ಒಬ್ಬರೇ ಕೂತು ಸಾಕಾಗಿತ್ತು.

ಅಕ್ಟೋಬರಿನ ಒಂದು ಶುಕ್ರವಾರ ರಾಡ್ನಿ ಬ್ಲೆಂಕಿನ್‌ಸಾಪ್ ಅವರೇ ಬಂದು ಬೂಟು ಬಿಚ್ಚಿಟ್ಟು ಟೋಕನ್ ಪಡೆದರು. ಪಕ್ಕದ ಜಿಲ್ಲೆಯ ಇನ್ನೊಂದು ಕಂಪನಿಯವರು ಅವರ ಮನೆಯ ಛಾವಣಿಗೆ ಬಣ್ಣ ಬಳಿಯುವ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿದ್ದರಂತೆ. ಅವರ ರಸ್ತೆಗೆಲ್ಲ ಅವರದೊಂದೇ ಛಾವಣಿ ಆಯ್ಕೆಯಾಗಿತ್ತಂತೆ.

ಪಾಲೀನ್ ಎಲ್ಲವನ್ನೂ ಕೇಳಿ, ಬೇರೆ ಕಂಪನಿಯ ಒಪ್ಪಂದ ತನ್ನ ವ್ಯಾಪ್ತಿಗೆ ಬರುವುದಿಲ್ಲ, ಅವರು ಬ್ಲೆಂಕಿನ್‌ಸಾಪ್ ಕಂಪನಿಯ ಕಿಟಕಿ ಕೊಂಡ ಗ್ರಾಹಕರಾಗಿದ್ದರೆ ಛಾವಣಿಯ ವಿಚಾರವನ್ನೂ ಜೊತೆಗೇ ನೋಡಬಹುದಿತ್ತು ಎಂದು ವಿಷಾದಿಸಿದಳು. ನಿಯಮ ಸರಿಯಾಗಿದೆ ಎಂದು ಮಾಲೀಕರು ಒಪ್ಪಿದರು. ಅಲ್ಲೇ ಸೂಪು ಕುಡಿಯುತ್ತಿದ್ದ ಕ್ಲೈವ್ ಕಾಗದ ತೆಗೆದ. ಇಡೀ ಮನೆಗೆ ಮೂವತ್ತು ಸಾವಿರ ಪೌಂಡಿನಂತೆ ಅವರು ಸಹಿ ಹಾಕಿದರು. ಅಷ್ಟರಲ್ಲಿ ನಾಲ್ಕು ಗಂಟೆಯಾಗಿ ಕಚೇರಿ ಮುಚ್ಚುವ ಹೊತ್ತಾಯಿತು. ರದ್ದತಿಗೆ ಮಂಗಳವಾರ ಬರಬೇಕೆಂದು ಈನಿಡ್ ಹೊಸ ಟೋಕನ್ ಕೊಟ್ಟರು.

"ಸೋಮವಾರಾನೇ ಕಿಟಕಿ ಕೀಳೋಕೆ ಬಂದ್ಬಿಟ್ರೆ?" ಎಂದು ಮಾಲೀಕರು ಬಾಗಿಲಲ್ಲಿ ನಿಂತು ಕೇಳಿದರು.

"ಬಂದೇ ಬರ್ತಾರೆ," ಎಂದರು ಈನಿಡ್. "ಬೆಳಿಗ್ಗೆ ಎಂಟಕ್ಕೆಲ್ಲ."

"ಹೌದು, ಟೈಮಿನ ವಿಷಯದಲ್ಲಿ ನಮ್ಮೋರ ಬಗ್ಗೆ ಮಾತಾಡೋ ಹಾಗಿಲ್ಲ," ಎಂದು ಬ್ಲೆಂಕಿನ್‌ಸಾಪ್ ಹೆಮ್ಮೆಯಿಂದ ತಲೆದೂಗಿ, ಟೋಕನ್ನನ್ನು ಜೋಪಾನವಾಗಿ ಜೇಬಿಗಿಟ್ಟುಕೊಂಡು, ಬಸ್ ನಿಲ್ದಾಣದ ಕಡೆ ಹೊರಟರು.