ಪತ್ರಾ ಮೆತ್ತಗಾದಾಗ ನಾನು ಕೂಗಿದ್ದು

ಸಂಗೀತದ ಬಗ್ಗೆ ನನಗೆ ಏನೂ ಗೊತ್ತಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆದರೆ ಗೊತ್ತಿಲ್ಲದವನು ಅಭಿಪ್ರಾಯ ಇಟ್ಟುಕೊಳ್ಳಬಾರದು ಎಂಬ ಕಾನೂನು ಇನ್ನೂ ಬಂದಿಲ್ಲವಾದ್ದರಿಂದ ನನ್ನ ಹತ್ತಿರ ಅವು ಬೇಕಾದಷ್ಟಿವೆ. ನಾನು ಕಂಡಂತೆ ಜನ ಯಾವ ಬದಲಾವಣೆಯನ್ನಾದರೂ ಕ್ಷಮಿಸುತ್ತಾರೆ. ಗೆಳೆಯ ನೌಕರಿ ಬದಲಿಸಲಿ, ಮನೆ ಬದಲಿಸಲಿ, ಪಕ್ಷವನ್ನೇ ಬದಲಿಸಲಿ, ಪಾಪ, ಅವನಿಗೂ ಏನೋ ಅಡಚಣೆ ಇದ್ದಿರಬೇಕು ಎಂದು ಬಿಟ್ಟುಬಿಡುತ್ತಾರೆ. ಮೆಚ್ಚಿದ ಹಾಡುಗಾರ ಮಾತ್ರ ಧಾಟಿ ಬದಲಿಸಕೂಡದು. ಬದಲಿಸಿದನೋ, ತಮ್ಮನ್ನು ಒಂದು ಮಾತು ಕೇಳದೆ ಮನೆ ಮಾರಿದ ಅಣ್ಣನ ಮೇಲೆ ಬರುವಷ್ಟು ಸಿಟ್ಟು ಅವನ ಮೇಲೆ ಬರುತ್ತದೆ. ಈ ಸಿಟ್ಟನ್ನು ನಾನು ಬಹಳ ಹತ್ತಿರದಿಂದ ನೋಡಿದ್ದೇನೆ. ನೋಡಿದ್ದಷ್ಟೇ ಆಗಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಅದರ ನಡುವೆ ಕಾಲಿಟ್ಟು, ಒಂದೇ ಒಂದು ಶಬ್ದ ನುಡಿದು, ಒಬ್ಬ ಒಳ್ಳೆಯ ಮನುಷ್ಯನ ಹಾಡನ್ನೇ ನಿಲ್ಲಿಸಿದ ಕೀರ್ತಿ ನನ್ನದು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಗದಗಿನಿಂದ ಪುಣೆಗೆ ಬಂದು ನನಗೆ ಒಂಬತ್ತು ವರ್ಷವಾಗಿತ್ತು. ಪಿಂಪರಿ ಕಡೆಯ ಒಂದು ಕಂಪನಿಯಲ್ಲಿ ಆವಕ-ಜಾವಕ ವಿಭಾಗದ ಗುಮಾಸ್ತ ನಾನು, ಅಡ್ಡಹೆಸರು ಅಂಗಡಿ. ಬಂದ ಕಾಗದಕ್ಕೆ ಒಂದು ಸಿಕ್ಕಾ, ಹೋಗುವ ಕಾಗದಕ್ಕೆ ಇನ್ನೊಂದು ಸಿಕ್ಕಾ ಹೊಡೆಯುವುದು ಕೆಲಸ. ಪಕ್ಕದ ಮೇಜಿನಲ್ಲಿ ಟೈಪು ಮಾಡುತ್ತಿದ್ದವನು ಸಂದೇಶ. ನನಗಿಂತ ಏಳೆಂಟು ವರ್ಷ ಚಿಕ್ಕವನು, ಮಿತಭಾಷಿ, ಇಸ್ತ್ರಿ ಮಾಡಿದ ಅಂಗಿ, ಡಬ್ಬಿಯಲ್ಲಿ ದಿನಾ ಚಪಾತಿ-ಬಟಾಟೆ ಪಲ್ಯ. ಇಂಥವನು ಶನಿವಾರ ಸಂಜೆಯಾದರೆ ಒಂದು ರಾಕ್ ಬ್ಯಾಂಡಿನ ಮುಂದೆ ನಿಂತು ಹಾಡುತ್ತಾನೆಂದು ತಿಳಿದಾಗ ನನಗೆ ನಂಬಿಕೆಯೇ ಬರಲಿಲ್ಲ. ಬ್ಯಾಂಡಿನ ಹೆಸರು ‘ಪತ್ರಾ’. ಆವಕ-ಜಾವಕದವನಾದ ನಾನು ಅದನ್ನು ಕಾಗದಪತ್ರದ ಪತ್ರವೆಂದೇ ತಿಳಿದು ಸಂತೋಷಪಟ್ಟಿದ್ದೆ. ಮರಾಠಿಯಲ್ಲಿ ಪತ್ರಾ ಎಂದರೆ ತಗಡು, ಅವರು ದಾಪೋಡಿಯ ಒಂದು ತಗಡಿನ ಶೆಡ್ಡಿನಲ್ಲಿ ತಾಲೀಮು ನಡೆಸುತ್ತಾರೆ, ಅದಕ್ಕೇ ಆ ಹೆಸರು ಎಂದು ಆಮೇಲೆ ಗೊತ್ತಾಯಿತು. ಫೋನಿನಲ್ಲಿ ನನ್ನ ಅವ್ವನಿಗೆ ಸಹೋದ್ಯೋಗಿಯ ಬ್ಯಾಂಡಿನ ಸುದ್ದಿ ಹೇಳಿದೆ. ಅವಳು ಕೂಡಲೇ, ಕಾಕಾನ ಮಗಳ ಮದುವೆಯ ಮೆರವಣಿಗೆಗೆ ಅವರು ಬರುತ್ತಾರೇನು, ತಲೆಯ ಮೇಲೆ ಲೈಟು ಹೊರುವವರನ್ನು ಅವರೇ ತರುತ್ತಾರೋ ನಾವು ಗೊತ್ತು ಮಾಡಬೇಕೋ ಎಂದು ಕೇಳಿದಳು.

ಅವರ ಆಗಿನ ಸಂಗೀತವನ್ನು ವರ್ಣಿಸುವುದು ಕಷ್ಟ. ಅಟ್ಟದ ಮೇಲಿಂದ ಸ್ಟೀಲು ಪಾತ್ರೆಗಳ ಚೀಲ ಜಾರಿ, ಅದರ ಜೊತೆಗೆ ಜಾರಿದವನು ಕಿರುಚಿಕೊಂಡರೆ ಏನಾಗುತ್ತದೆಯೋ ಸುಮಾರಾಗಿ ಅದು. ಮೊದಲ ಸಲ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಹೆಂಡತಿ ಶಾರದಾಳನ್ನೂ ಕರೆದುಕೊಂಡು ಹೋಗಿದ್ದೆ. ಎರಡು ಗಂಟೆ ಕೂತು ಕೇಳಿದವಳು ಬಸ್ಸಿನಲ್ಲಿ ಬರುವಾಗ, “ಪಾಪ, ಆ ಹುಡುಗಗ ಭಾಳ ತ್ರಾಸ್ ಆಗೇದ ನೋಡ್ರಿ. ಮನ್ಯಾಗ ಅವನ ಮಾತು ಯಾರೂ ಕೇಳಂಗಿಲ್ಲ ಕಾಣಸ್ತದ” ಎಂದಳು. ನಾನು ನಕ್ಕೆ. ಆದರೆ ಮುಂದಿನ ಶನಿವಾರ ಒಬ್ಬನೇ ಹೋದೆ, ಅದರ ಮುಂದಿನ ಶನಿವಾರವೂ ಹೋದೆ. ಕಾರಣ ಹೇಳಲು ನಾಚಿಕೆಯಾಗುತ್ತದೆ. ವಾರವಿಡೀ ಮೇಲಧಿಕಾರಿಯ ಎದುರು ನಾನು ನುಂಗಿಕೊಂಡಿದ್ದನ್ನೆಲ್ಲ ಅವನು ನನ್ನ ಪರವಾಗಿ ಕಿರುಚುತ್ತಿದ್ದಾನೆ ಎಂದು ನನಗೆ ಅನ್ನಿಸುತ್ತಿತ್ತು. ಸೋಮವಾರ ಹಗುರಾಗಿ ಆಫೀಸಿಗೆ ಹೋಗುತ್ತಿದ್ದೆ.

ನಮ್ಮ ಆಫೀಸಿನ ಅರ್ಧ ಜನ ಪತ್ರಾದ ಅಭಿಮಾನಿಗಳೇ. ಅವರಲ್ಲಿ ಮೊದಲ ಸಾಲಿನವನು ಸ್ಟೋರ್ಸ್ ವಿಭಾಗದ ಪ್ರಮೋದ. ಬ್ಯಾಂಡಿನ ಮೇಲಿನ ಭಕ್ತಿಗಾಗಿ ಹೆಗಲು ದಾಟುವಷ್ಟು ಕೂದಲು ಬಿಟ್ಟಿದ್ದ. ಹೆಣ್ಣು ನೋಡಲು ಹೋದ ಎರಡು ಮನೆಗಳಲ್ಲಿ ಆ ಕೂದಲು ನೋಡಿ, ಅವಲಕ್ಕಿ ತಿನ್ನಿಸಿ, ಮುಂದಿನ ಮಾತೇ ಎತ್ತದೆ ಕಳಿಸಿಕೊಟ್ಟಿದ್ದರು. ಅವನಿಗೆ ಅದರ ಬೇಸರವಿರಲಿಲ್ಲ, ಸಣ್ಣ ಹೆಮ್ಮೆಯೇ ಇತ್ತು.

ಹೀಗಿರುವಾಗ ಒಂದು ಮಳೆಗಾಲ ಎಲ್ಲವನ್ನೂ ಕೆಡಿಸಿತು. ಲೋಣಾವಳಾದ ಒಂದು ಹೋಟೆಲಿನಲ್ಲಿ ಪತ್ರಾದ ಕಾರ್ಯಕ್ರಮ. ಅಲ್ಲಿನ ಮಳೆ ಗೊತ್ತಲ್ಲ, ಶುರುವಾದರೆ ಮಾತಾಡಗೊಡುವುದಿಲ್ಲ. ನಡುವೆ ಕರೆಂಟು ಹೋಯಿತು, ಗಿಟಾರುಗಳು ಮೂಕವಾದವು, ಮೈಕು ಸತ್ತಿತು. ಹೊರಗೆ ಹೋಗಲು ದಾರಿಯಿಲ್ಲದೆ ಜನ ಕೂತೇ ಇದ್ದರು. ಬೇರೆ ಉಪಾಯವಿಲ್ಲದೆ ಸಂದೇಶ ಬರಿಗಂಟಲಲ್ಲಿ ಹಾಡಿದ. ಏಳು ವರ್ಷದಲ್ಲಿ ಮೊದಲ ಸಲ ತನ್ನ ಹಾಡಿನ ಮಾತುಗಳು ತನ್ನ ಕಿವಿಗೇ ಬಿದ್ದವಂತೆ. ಕೇಳಿ ನಾಚಿಕೆಯಾಯಿತು, ಇಷ್ಟು ದಿನ ಇದನ್ನೇ ಕಿರುಚುತ್ತಿದ್ದೆನೇ ಎನ್ನಿಸಿತು ಎಂದು ಅವನೇ ನನಗೆ ಹೇಳಿದ. ಮರಳಿ ಬಂದವನು ಹೊಸ ಹಾಡುಗಳನ್ನು ಬರೆಯಲು ಕೂತ. ಗಿಟಾರಿನ ದನಿ ತಗ್ಗಿತು, ಒಂದು ಹಾರ್ಮೋನಿಯಂ ಬಂದು ಸೇರಿತು. ತಗಡಿನ ಶೆಡ್ಡಿನ ಪಕ್ಕದವರು, ಇವರು ಜಾಗ ಖಾಲಿ ಮಾಡಿದರೆಂದೇ ತಿಳಿದರಂತೆ.

ಆಫೀಸಿನ ಕ್ಯಾಂಟೀನು ಎರಡು ಹೋಳಾಯಿತು. ಇದು ವಿಶ್ವಾಸದ್ರೋಹ ಎಂದು ಪ್ರಮೋದ ಮೇಜು ಗುದ್ದಿದ. ಹಾರ್ಮೋನಿಯಂ ಕೇಳುವುದೇ ಆಗಿದ್ದರೆ ನಾನು ಈ ಕೂದಲು ಯಾಕೆ ಬಿಡಬೇಕಿತ್ತು ಎಂಬುದು ಅವನ ಪ್ರಶ್ನೆ. ವಯಸ್ಸಾಯಿತು, ಅಷ್ಟೇ ಎಂದರು ಕೆಲವರು. ಈಗಲಾದರೂ ಮನುಷ್ಯರು ಕೂತು ಕೇಳಬಹುದು ಎಂದರು ಇನ್ನು ಕೆಲವರು. ವಿಚಿತ್ರವೆಂದರೆ ಹಳೆಯ ಪತ್ರಾವನ್ನು ಒಂದು ದಿನವೂ ಕೇಳದ ನಮ್ಮ ಹೆಡ್ ಕ್ಲಾರ್ಕ್ ಕುಲಕರ್ಣಿಯವರೂ ಮೊದಲಿನದೇ ಚೆನ್ನಾಗಿತ್ತು ಎಂದರು. ಮೊದಲಾದರೆ ಅದನ್ನು ಬೈದು ಮನೆಯಲ್ಲಿ ಮಕ್ಕಳಿಗೆ ಸಂಸ್ಕಾರದ ಪಾಠ ಹೇಳಬಹುದಿತ್ತು, ಈಗ ಆ ಸೌಕರ್ಯವೂ ಹೋಯಿತು.

ನಾನು ಯಾವ ಕಡೆ ಇದ್ದೆ ಎಂದು ಕೇಳುತ್ತೀರಾ? ಎರಡೂ ಕಡೆ. ಪ್ರಮೋದನ ಮೇಜಿನಲ್ಲಿ ಕೂತಾಗ ಛೇ ಛೇ ಎನ್ನುತ್ತಿದ್ದೆ, ಆಚೆ ಮೇಜಿಗೆ ಹೋದಾಗ ಹೌದು ಹೌದು ಎನ್ನುತ್ತಿದ್ದೆ. ಪರವೂರಿನಲ್ಲಿ ಹೊಟ್ಟೆ ಹೊರೆಯುವವನಿಗೆ ಇದು ತಾನಾಗಿಯೇ ರೂಢಿಯಾಗುತ್ತದೆ. ನನ್ನ ಈ ಗುಣ ಸಂದೇಶನಿಗೂ ಗೊತ್ತಿತ್ತು ಎಂದು ಕಾಣುತ್ತದೆ. ಒಂದು ಮಧ್ಯಾಹ್ನ ಡಬ್ಬಿ ಮುಚ್ಚುತ್ತ ಮರಾಠಿಯಲ್ಲಿ ಮೆಲ್ಲಗೆ ಹೇಳಿದ: “ಅಂಗಡಿ ಸಾಹೇಬ, ಈ ಶನಿವಾರ ಚಿಂಚವಡದ ಸಭಾಂಗಣದಲ್ಲಿ ಹೊಸ ಹಾಡು ಮಾತ್ರ ಹಾಡುತ್ತೇವೆ. ಜನಕ್ಕೆ ಬೇಡವೆಂದರೆ ಬಿಟ್ಟುಬಿಡುತ್ತೇನೆ. ಭೋರ್‌ನ ಗೋದಾಮಿಗೆ ವರ್ಗ ಕೇಳಿ ಅರ್ಜಿ ಬರೆದಿಟ್ಟಿದ್ದೇನೆ. ನೀವು ಬನ್ನಿ. ಒಂದು ಸಲವಾದರೂ ಖರೇ ಏನನ್ನಿಸಿತೋ ಅದನ್ನು ಹೇಳಿ.” ಆ ಮಾತು ನನಗೆ ನಾಟಿತು. ಭೋರ್ ಗುಡ್ಡದ ನಡುವಿನ ತಣ್ಣನೆಯ ಪೇಟೆ, ಅಲ್ಲಿಗೆ ಹೋದರೆ ಅವನಿಗೆ ಬ್ಯಾಂಡೂ ಇಲ್ಲ, ಶನಿವಾರವೂ ಇಲ್ಲ. ಜೀವನದಲ್ಲಿ ಒಮ್ಮೆ ನನ್ನ ಅಭಿಪ್ರಾಯವನ್ನು ಗಟ್ಟಿಯಾಗಿ ಹೇಳಿಯೇ ಬಿಡುವುದು ಎಂದು ನಿರ್ಧರಿಸಿದೆ.

ಶನಿವಾರ ಶಾರದಾಳನ್ನೂ ಕರೆದುಕೊಂಡು ಹೋದೆ. ಸಭಾಂಗಣ ತುಂಬಿತ್ತು. ಮುಂದಿನ ಸಾಲುಗಳಲ್ಲಿ ಕರಿ ಟೀ ಶರ್ಟು ತೊಟ್ಟ ಪ್ರಮೋದನ ದಂಡು ಕೈಕಟ್ಟಿ ಕೂತಿತ್ತು. ಮೂರನೆಯ ಹಾಡು ಶುರುವಾಯಿತು. ಊರಿಗೆ ಹೊಸಬನಾದ ಒಬ್ಬ ಮನುಷ್ಯ ಬಸ್ ನಿಲ್ದಾಣದಲ್ಲಿ ನಿಂತಿದ್ದಾನೆ, ಬಸ್ಸು ಎಲ್ಲಿಗೆ ಹೋಗುತ್ತದೆಂದು ಕೇಳಲು ಭಾಷೆ ಬಾರದ ಸಂಕೋಚ, ಒಂದೊಂದೇ ಬಸ್ಸು ಹೋಗುತ್ತದೆ, ಕೊನೆಗೆ ನಡೆದೇ ಹೊರಡುತ್ತಾನೆ. ನಾನು ದಂಗಾದೆ. ಅದು ನನ್ನದೇ ಕತೆ. ಪುಣೆಗೆ ಬಂದ ಮೊದಲ ವಾರ ಹೀಗೇ ನಿಗಡಿಯಿಂದ ಪಿಂಪರಿವರೆಗೆ ನಡೆದಿದ್ದೆ. ಎಂದೋ ಚಹಾ ಕುಡಿಯುತ್ತ ನಗಲೆಂದು ಹೇಳಿದ್ದನ್ನು ಈ ಮನುಷ್ಯ ನಗದೆ ಕೇಳಿಸಿಕೊಂಡು ಹಾಡು ಮಾಡಿದ್ದ. ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಗುಸುಗುಸು, ಒಂದು ಆಕಳಿಕೆ, ಒಂದು ಕುರ್ಚಿ ಸರಿದ ಸದ್ದು. ಸಂದೇಶ ಒಂದು ಚರಣ ಮುಗಿಸಿ ನಿಲ್ಲಿಸಿದ. ಮುಂದೆ ಹಾಡಬೇಕೋ ಬೇಡವೋ ಎಂಬಂತೆ ಜನರತ್ತ ನೋಡಿದ.

ಹಿಂದಿನ ಸಾಲಿನ ಕತ್ತಲಲ್ಲಿ ನಾನು ಎದ್ದು ನಿಂತೆ. ಒಂಬತ್ತು ವರ್ಷ ಕಲಿತ ಮರಾಠಿ ಆ ಕ್ಷಣ ನನ್ನ ನಾಲಗೆಯ ಹತ್ತಿರವೂ ಸುಳಿಯಲಿಲ್ಲ. ಎದೆ ತುಂಬಿದಾಗ ಬರುವುದು ಅವ್ವನ ಭಾಷೆಯೇ. ಕೊನೆಯ ಉಕಾರ ನುಂಗಿ, ನಮ್ಮ ಗದಗಿನ ಗಂಟಲಿನಲ್ಲಿ, ಇಡೀ ಸಭಾಂಗಣಕ್ಕೆ ಕೇಳುವಂತೆ ಕೂಗಿದೆ: “ಹಾಡ್! ಹಾಡ್!”

ಸಂದೇಶನ ಮುಖ ಬಿಳಿಚಿತು. ಆಮೇಲೆ ಮುಂದಿನ ಸಾಲುಗಳಿಗೆ ಎಲ್ಲಿಲ್ಲದ ಹುರುಪು ಬಂದು, ಅವರೂ ಚಪ್ಪಾಳೆಯ ತಾಳ ಹಾಕಿ ‘ಹಾಡ್, ಹಾಡ್’ ಎಂದು ಕೂಗತೊಡಗಿದರು. ನೋಡಿದಿರಾ, ಎಲ್ಲರಿಗೂ ಹಾಡು ಬೇಕಾಗಿತ್ತು, ಹೇಳುವವನೊಬ್ಬ ಬೇಕಿತ್ತು ಅಷ್ಟೇ ಎಂದು ನನಗೆ ಆನಂದವೋ ಆನಂದ. ಇನ್ನೂ ಜೋರಾಗಿ ಕೂಗಿದೆ. ಸಂದೇಶ ಮೈಕನ್ನು ಮೆಲ್ಲಗೆ ಕೆಳಗಿಟ್ಟು ಪರದೆಯ ಹಿಂದೆ ನಡೆದುಬಿಟ್ಟ. ಶಾರದಾ ನನ್ನ ಅಂಗಿ ಹಿಡಿದು ಕೂರಿಸಿ, “ಏನ್ ಮಾಡಿದ್ರಿ ಇದು? ನಾವು ನಾಯಿಗೆ ಹಚ್ಯಾ ಅಂತೀವಲ್ರಿ, ಇವ್ರು ಅದಕ್ಕ ಹಾಡ್ ಅಂತಾರ. ನಮ್ಮ ವಾಚ್‌ಮನ್ ದಿನಾ ಮುಂಜಾನೆ ಓಡಸ್ತಾನ, ಕೇಳೀರಿಲ್ಲೋ?” ಎಂದಳು. ಕೇಳಿದ್ದೆ. ಒಂಬತ್ತು ವರ್ಷ ದಿನಾ ಕೇಳಿದ್ದೆ. ಆ ಒಂದು ನಿಮಿಷ ಬಿಟ್ಟರೆ ಮಿಕ್ಕೆಲ್ಲ ಹೊತ್ತೂ ನನಗದು ಚೆನ್ನಾಗಿ ನೆನಪಿರುತ್ತದೆ.

ಸೋಮವಾರ ಭೋರ್‌ನ ಅರ್ಜಿ ನನ್ನ ಮೇಜಿಗೇ ಬಂತು. ಮುಂಬಯಿಯ ಮುಖ್ಯ ಕಚೇರಿಗೆ ಹೋಗಬೇಕಾದ ಕಾಗದ, ಜಾವಕದ ಸಿಕ್ಕಾ ಹೊಡೆಯಬೇಕಾದವನು ನಾನೇ. ಅದನ್ನು ದಪ್ಪ ರಿಜಿಸ್ಟರಿನ ಅಡಿಗೆ ತಳ್ಳಿ ಮೂರು ದಿನ ಅದರ ಮೇಲೆ ಮೊಣಕೈ ಊರಿಕೊಂಡು ಕೂತೆ. ಕ್ಯಾಂಟೀನಿನಲ್ಲಿ ಆ ಕೂಗು ಮೊದಲು ಎಬ್ಬಿಸಿದವರು ಯಾರು ಎಂಬ ಚರ್ಚೆ ನಡೆದಿತ್ತು. ಪ್ರಮೋದ ಎದೆಯುಬ್ಬಿಸಿ, ನಾನೇ ಎಂದ. ಯಾವ ಸಾಲಿನಲ್ಲಿ ಕೂತು, ಹೇಗೆ ಎದ್ದು, ಹೇಗೆ ಕೂಗಿದೆ ಎಂಬುದನ್ನು ಅಭಿನಯಿಸಿಯೂ ತೋರಿಸಿದ. ನನ್ನ ಅಪರಾಧವನ್ನು ಇನ್ನೊಬ್ಬ ಇಷ್ಟು ಅಭಿಮಾನದಿಂದ ಹೊತ್ತುಕೊಂಡಿರುವಾಗ ನಡುವೆ ಬಾಯಿ ಹಾಕುವುದು ಸೌಜನ್ಯವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಆ ಸಮಾಧಾನ ಮನೆಯಲ್ಲಿ ನಡೆಯಲಿಲ್ಲ. ಶಾರದಾ ಬೈಯಲಿಲ್ಲ, ಮುನಿಸಿಕೊಳ್ಳಲೂ ಇಲ್ಲ. ರೊಟ್ಟಿ ಬಡಿಸುತ್ತ, “ಆ ಹುಡುಗ ನಿಮ್ಮ ನಡಿಗೀನ ಹಾಡು ಮಾಡ್ಯಾನ. ನಿಮಗ ಎರಡ ಹೆಜ್ಜಿ ನಡದ ಅವನ ಕಡೆ ಹೋಗಾಕ ಆಗಂಗಿಲ್ಲೇನ್ರಿ?” ಎಂದಳು.

ಮರುದಿನ ಮಧ್ಯಾಹ್ನ ಸಂದೇಶನನ್ನು ಆಫೀಸಿನ ಹಿಂದಿನ ಸೈಕಲ್ ಸ್ಟ್ಯಾಂಡಿಗೆ ಕರೆದೊಯ್ದು ಎಲ್ಲ ಹೇಳಿದೆ. ಕೂಗಿದ್ದು ನಾನು, ಮೊದಲು ಕೂಗಿದ್ದು ನಾನೇ, ನಮ್ಮ ಭಾಷೆಯಲ್ಲಿ ಹಾಡ್ ಎಂದರೆ ಹಾಡು ಎಂದೇ ಅರ್ಥ ಎಂದೆ. ನಾನು ಗಾಬರಿಯಲ್ಲಿ ಎರಡು ಸಲ ಹೇಳಿದೆ, ವ್ಯಾಕರಣ ಸಮೇತ ಹೇಳಿದೆ. ಅವನಿಗೆ ನಗು ಎಲ್ಲಿಂದ ಬಂತೋ, ಒಂದು ಸೈಕಲ್ಲಿನ ಸೀಟು ಹಿಡಿದುಕೊಂಡು ಬಗ್ಗಿ ಬಗ್ಗಿ ನಕ್ಕ. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು ಕೇಳಿದ: “ಅಂದರೆ ಅಷ್ಟು ಜನರಲ್ಲಿ ಮುಂದೆ ಹಾಡು ಅಂತ ಎದ್ದು ನಿಂತವರು ನೀವೊಬ್ಬರೇ?”

“ನಾನೊಬ್ಬನೇ” ಎಂದೆ. ನನಗೆ ಅದನ್ನು ಹೇಳಲು ಸಂಕಟವಾಯಿತು. ಒಂದಿಪ್ಪತ್ತು ಜನವಾದರೂ ಇದ್ದರು ಎನ್ನಬಹುದಿತ್ತು. ಆದರೆ ಒಂದು ಸಲವಾದರೂ ನನ್ನ ಬಾಯಿಂದ ಖರೇ ಮಾತು ಬರಬೇಕೆಂದು ಅವನು ಮೊದಲೇ ಕೇಳಿದ್ದನಲ್ಲ.

“ಒಬ್ಬರು ಸಾಕು, ಅಂಗಡಿ ಸಾಹೇಬ” ಎಂದ. ಆಮೇಲೆ ಕೈ ಚಾಚಿ ಅರ್ಜಿ ಕೇಳಿದ. ಮೂರು ದಿನ ನನ್ನ ಮೊಣಕೈ ಒತ್ತಿ ಸುಕ್ಕಾದ ಆ ಕಾಗದವನ್ನು ತಂದುಕೊಟ್ಟೆ. ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ. ಜಾವಕದ ರಿಜಿಸ್ಟರಿನಲ್ಲಿ ಆ ದಿನದ ಒಂದು ಸಾಲು ಇಂದಿಗೂ ಖಾಲಿ ಇದೆ. ನನ್ನ ಇಡೀ ನೌಕರಿಯಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ ಎಂದು ಕೆಲವೊಮ್ಮೆ ಅನ್ನಿಸುತ್ತದೆ.

ಮುಂದಿನ ಕಾರ್ಯಕ್ರಮಕ್ಕೆ ಬಂದವರು ಅರ್ಧಕ್ಕಿಂತ ಕಡಿಮೆ, ಆದರೆ ಬಂದವರು ಕೇಳಿದರು. ಅದರ ಮುಂದಿನದಕ್ಕೆ ಅವರೇ ತಮ್ಮ ಮನೆಯವರನ್ನು ಕರೆತಂದರು. ಪ್ರಮೋದನೂ ಬರುತ್ತಿದ್ದ, ಕೊನೆಯ ಸಾಲಿನಲ್ಲಿ ಮುಖ ಗಂಟು ಹಾಕಿಕೊಂಡು. ಬೈಯಬೇಕೆಂದರೆ ಪೂರ್ತಿ ಕೇಳಲೇಬೇಕಲ್ಲ ಎನ್ನುತ್ತಿದ್ದ. ಒಂದು ದಿನ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಎಣಿಸುತ್ತ ಬಸ್ ನಿಲ್ದಾಣದ ಹಾಡನ್ನು ಗುನುಗುತ್ತಿದ್ದವನು ನನ್ನನ್ನು ನೋಡಿ ಕೆಮ್ಮಿದ. ಮರುವರ್ಷ ಅವನಿಗೆ ಮದುವೆಯಾಯಿತು, ಕೂದಲು ಸಮೇತ. ಬಸ್ ನಿಲ್ದಾಣದ ಹಾಡಂತೂ ಪಿಂಪರಿ-ಚಿಂಚವಡದ ಎಷ್ಟೋ ಮಂದಿಯ ಬಾಯಲ್ಲಿ ಓಡಾಡಿತು. ಅದು ನನ್ನ ಕತೆ ಎಂದು ನಾನು ಯಾರಿಗೂ ಹೇಳಲಿಲ್ಲ, ಕೇಳಿದವರಿಗಷ್ಟೇ ಹೇಳಿದೆ. ಕೇಳುವಂತೆ ಮಾಡಲು ಸ್ವಲ್ಪ ಶ್ರಮಪಟ್ಟೆ, ಅದು ಬೇರೆ ಮಾತು.

ಇಲ್ಲಿಗೆ ಮುಗಿದಿದ್ದರೆ ನಾನು ಒಳ್ಳೆಯವನಾಗಿ ಉಳಿಯುತ್ತಿದ್ದೆ. ಹೊಸ ಶತಮಾನ ಬಂತು, ಹಿಂಜವಾಡಿಯಲ್ಲಿ ಗಾಜಿನ ಕಟ್ಟಡಗಳು ಎದ್ದವು, ಅಲ್ಲಿನ ಹುಡುಗ ಹುಡುಗಿಯರು ಕಂಪನಿ ಬಸ್ಸಿನಿಂದ ಇಳಿದು ನೇರವಾಗಿ ಪತ್ರಾ ಕೇಳಲು ಬರತೊಡಗಿದರು. ಸಂದೇಶ ಒಂದು ಕಂಪ್ಯೂಟರ್ ತಂದ. ಹಾರ್ಮೋನಿಯಂ ಮೂಲೆಗೆ ಸರಿಯಿತು, ತಾಳ ಹಾಕುವುದನ್ನು ಯಂತ್ರ ಕಲಿಯಿತು. ಮೊದಲ ಹಾಡು ಕೇಳಿದ್ದೇ ನನ್ನ ನೆತ್ತಿ ಬಿಸಿಯಾಯಿತು. ಮರುದಿನ ಕ್ಯಾಂಟೀನಿನಲ್ಲಿ ಮೇಜು ಗುದ್ದಿದೆ. ಇದು ವಿಶ್ವಾಸದ್ರೋಹ ಎಂದೆ, ಅವನಿಗೆ ವಯಸ್ಸಾಯಿತು ಎಂದೆ, ಮರುಕ್ಷಣವೇ ಹುಡುಗಾಟಿಕೆ ಹೆಚ್ಚಾಯಿತು ಎಂದೂ ಅಂದೆ. ಪ್ರಮೋದನೇ ನನ್ನನ್ನು ಸಮಾಧಾನ ಮಾಡಿದ, ಎರಡು ಸಲ ಕೇಳಿ ನೋಡಿ, ರುಚಿ ಹತ್ತುತ್ತದೆ ಎಂದ. ನಾನು ಸೀದಾ ದಾಪೋಡಿಯ ಶೆಡ್ಡಿಗೆ ಹೋಗಿ ಸಂದೇಶನ ಎದುರು ಅರ್ಧ ಗಂಟೆ ಒಂದೇ ಉಸಿರಿಗೆ ನನ್ನ ಅಭಿಪ್ರಾಯ ಹೇಳಿದೆ. ಅವನು ಒಂದು ಮಾತನ್ನೂ ತುಂಡರಿಸದೆ, ತಲೆದೂಗುತ್ತ, ಬಹಳ ಸಂತೋಷದಿಂದ ಕೇಳಿಸಿಕೊಂಡ. ಚಹಾ ತರಿಸಿದ. ಹಾಡಿನಲ್ಲಿ ಒಂದಕ್ಷರವನ್ನೂ ಬದಲಿಸುವುದಿಲ್ಲ ಎಂಬುದು ಅವನ ಮುಖ ನೋಡಿದರೇ ತಿಳಿಯುತ್ತಿತ್ತು. ಇನ್ನು ಮುಂದೆ ನಿಮ್ಮ ಕಾರ್ಯಕ್ರಮಕ್ಕೆ ನಾನು ಕಾಲಿಡುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿ ಎದ್ದೆ. ಹಾಗೆ ಹೇಳುವಾಗ ನನ್ನ ಕೈಯಲ್ಲಿ ಬರುವ ಶನಿವಾರದ ಎರಡು ಟಿಕೆಟ್ಟುಗಳಿದ್ದವು. ಒಳಗೆ ಬರುವಾಗಲೇ, ಆಮೇಲೆ ಮುಂದಿನ ಸಾಲು ಸಿಗಲಿಕ್ಕಿಲ್ಲವೆಂದು, ತೆಗೆದುಕೊಂಡೇ ಬಂದಿದ್ದೆ.