ಮನೆಯ ವಯಸ್ಸು, ಅತ್ತೆಯ ವಯಸ್ಸು

ಮನೆ ಕಂದಾಯ ಕಟ್ಟುವುದರಲ್ಲಿ ನನಗೆ ಯಾವ ತಕರಾರೂ ಇಲ್ಲ. ಬೀದಿ ದೀಪ ಉರಿಯಬೇಕು, ನಲ್ಲಿಯಲ್ಲಿ ನೀರು ಬರಬೇಕು, ಕಸದ ಗಾಡಿ ಹಾಡು ಹಾಕಿಕೊಂಡು ಬರಬೇಕು ಅಂದರೆ ಯಾರಾದರೂ ಕಟ್ಟಲೇಬೇಕಲ್ಲ. ನನ್ನ ಕಾಯಿಲೆಯೇ ಬೇರೆ. ಯಾವುದಾದರೂ ಸಂಖ್ಯೆ ಕಣ್ಣಿಗೆ ಬಿದ್ದರೆ ಅದು ಎಲ್ಲಿಂದ ಬಂತು ಎಂದು ತಿಳಿಯುವವರೆಗೆ ನನಗೆ ಸಮಾಧಾನವಿರುವುದಿಲ್ಲ. ಹಾಗಂತ ನಾನೇನು ಲೆಕ್ಕದ ಮೇಡಂ ಅಲ್ಲ. ರಾಮನಗರದ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಹದಿನೇಳರ ಮಗ್ಗಿ ಇವತ್ತಿಗೂ ಅರ್ಧಕ್ಕೇ ನಿಲ್ಲುತ್ತದೆ. ಆದರೂ ಒಮ್ಮೆ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ, ಈ ತಟ್ಟೆ ಇಷ್ಟೇ ಅಗಲ ಇರಬೇಕೆಂದು ಮೊದಲು ತೀರ್ಮಾನಿಸಿದವರು ಯಾರು ಎಂದು ಹೋಟೆಲಿನವರನ್ನು ಕೇಳಿದ್ದೆ. ಅವರು ಇನ್ನೊಂದು ಸೌಟು ಚಟ್ನಿ ಹಾಕಿ, "ತಿನ್ನಿ ಮೇಡಂ, ಬಸ್ಸು ಹೊಂಟೋಯ್ತದೆ" ಅಂದರು.

ನಾವಿರುವುದು ಚನ್ನಪಟ್ಟಣದಲ್ಲಿ, ನಮ್ಮತ್ತೆ ಲಕ್ಷ್ಮಮ್ಮನವರ ತವರು ಮನೆಯಲ್ಲಿ. ಅವರು ಒಬ್ಬಳೇ ಮಗಳು. ಮಾವನವರು ಮನೆ ಅಳಿಯನಾಗಿ ಬಂದವರು. ಮನೆ ಅತ್ತೆಯ ಹೆಸರಿನಲ್ಲಿದ್ದರೂ ಕಂದಾಯ ಕಟ್ಟಿ ಬರುವ ಕೆಲಸ ಮಾವನದು. ಬಸ್ ಕಂಡಕ್ಟರ್ ಆಗಿ ನಿವೃತ್ತರಾದ ಅವರಿಗೆ ಚಿಲ್ಲರೆ ಎಣಿಸಿ ರಸೀತಿ ಪಡೆಯುವುದೆಂದರೆ ಹಳೆಯ ಸುಖ. ಈ ಸಲ ಅವರಿಗೆ ಮೊಣಕಾಲು ನೋವು. ನಮ್ಮವರಿಗೆ ಕಾರ್ಖಾನೆಯಲ್ಲಿ ಶಿಫ್ಟು. ಹೀಗಾಗಿ ನಗರಸಭೆಗೆ ಹೋಗುವ ಕೆಲಸ ನನ್ನ ಪಾಲಿಗೆ ಬಂತು. ನನಗಂತೂ ಹಬ್ಬ ಬಂದಷ್ಟು ಖುಷಿಯಾಯಿತು.

ಅಲ್ಲಿ ಕಂದಾಯದ ಗುಮಾಸ್ತರು ಶಿವಲಿಂಗಯ್ಯ ಎಂಬುವರು, ಬಹಳ ತಾಳ್ಮೆಯ ಮನುಷ್ಯ. ಹಳೆಯ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುತ್ತಿರುವುದರಿಂದ ಈ ಸಲ ಹೊಸದಾಗಿ ಅರ್ಜಿ ತುಂಬಬೇಕು, ಮನೆಯ ವಿವರವನ್ನೆಲ್ಲ ನಾವೇ ಬರೆದುಕೊಡಬೇಕು ಎಂದರು. ನಾನು ಕುರ್ಚಿ ಎಳೆದುಕೊಂಡು ಕೂತೆ. ಈ ಮೊತ್ತ ಹೇಗೆ ಬರುತ್ತದೆ ಸಾರ್ ಎಂದೆ. ಅವರು ವಿವರಿಸಿದರು. ಆಯಾ ಬೀದಿಯ ಜಾಗಕ್ಕೆ ಸರ್ಕಾರ ಗೊತ್ತುಮಾಡಿದ ಒಂದು ದರ ಇರುತ್ತದೆ. ನೋಂದಣಿ ಕಚೇರಿಯಲ್ಲಿ ಅದರ ಪಟ್ಟಿ ಸಿಗುತ್ತದೆ. ಅದನ್ನು ನಿವೇಶನದ ಅಳತೆಗೆ ಗುಣಿಸಬೇಕು. ಕಟ್ಟಡಕ್ಕೆ ಬೇರೆ ದರ. ಹೆಂಚಿನದಕ್ಕೆ ಒಂದು, ತಾರಸಿಗೆ ಒಂದು. ವಾಸಕ್ಕೋ ವ್ಯಾಪಾರಕ್ಕೋ ಎಂದೂ ನೋಡುತ್ತಾರೆ. ಮನೆಗೆ ಎಷ್ಟು ವಯಸ್ಸಾಗಿದೆಯೋ ಅದಕ್ಕೆ ತಕ್ಕಂತೆ ಸವಕಳಿ ಕಳೆಯುತ್ತಾರೆ. "ಮನೆ ಹಳೇದಾದಷ್ಟೂ ಸವಕಳಿ ಜಾಸ್ತಿ, ಮೇಡಂ" ಎಂದು ಅವರು ಹೇಳಿದ್ದು ನನಗೆ ಕವಿತೆಯ ಸಾಲಿನ ಹಾಗೆ ಕೇಳಿಸಿತು. ಮನುಷ್ಯರಿಗೂ ಮನೆಗಳಿಗೂ ಒಂದೇ ನಿಯಮ ಎಂದುಕೊಂಡು ಅರ್ಜಿ ಹಿಡಿದು ಬಂದೆ.

ಮನೆ ಅಳೆಯಲು ಟೇಪು ಬೇಕಲ್ಲ. ನಮ್ಮ ಮನೆಯಲ್ಲಿದ್ದದ್ದು ನನ್ನ ಹೊಲಿಗೆ ಡಬ್ಬಿಯ ಟೇಪು ಮಾತ್ರ. ಅದರಲ್ಲೇ ನಡುಮನೆಯನ್ನು ಗೋಡೆಯಿಂದ ಗೋಡೆಗೆ ಇಂಚಿಂಚಾಗಿ ಅಳೆಯತೊಡಗಿದೆ. ಐದಡಿಗೊಮ್ಮೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು ಮುಂದಕ್ಕೆ ತೆವಳುತ್ತಿದ್ದೆ. ಅತ್ತೆ ಅವರೆಕಾಯಿ ಸುಲಿಯುತ್ತಾ ಒಂದಷ್ಟು ಹೊತ್ತು ನೋಡಿ, "ಮನೇಗೆ ರವಿಕೆ ಹೊಲಿಸ್ತೀಯೇನವ್ವ?" ಅಂದರು. ಮೂರು ಸಲ ಅಳೆದೆ, ಮೂರು ಉತ್ತರ ಬಂತು. ಕೊನೆಗೆ ಪಕ್ಕದ ಮನೆಯ ಬಷೀರ್ ಸಾಹೇಬರು ತಮ್ಮ ಮರಗೆಲಸದ ಕಬ್ಬಿಣದ ಟೇಪು ತಂದು, ಐದೇ ನಿಮಿಷದಲ್ಲಿ ಅಳೆದುಕೊಟ್ಟರು. ಅವರು ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಗೊಂಬೆ ಕಡೆಯುವವರು. ನಿಮ್ಮ ಅರ್ಜಿಯಲ್ಲಿ ಆ ಕೋಣೆಯನ್ನು ವಾಸಕ್ಕೆಂದು ಬರೆದಿರೋ ವ್ಯಾಪಾರಕ್ಕೆಂದೋ ಎಂದು ಕೇಳಿದೆ. "ಹಗಲು ಅಲ್ಲೇ ಮಿಶಿನ್ ಓಡ್ತದೆ, ರಾತ್ರಿ ಅಲ್ಲೇ ಚಾಪೆ ಹಾಸ್ತೀವಿ ಮೇಡಂ. ಆ ರೂಮ್‌ಗೂ ಎರಡು ಶಿಫ್ಟು ಅಂತ ಹೇಳ್ದೆ. ಅಂಗೆ ಬರ್ಯಕ್ಕೆ ಕಾಲಂ ಇಲ್ವಂತೆ" ಅಂದರು.

ಕಾಲಮ್ಮುಗಳಲ್ಲಿ ಉಳಿದದ್ದು ಮನೆಯ ವಯಸ್ಸು. ಅದು ನಮ್ಮಲ್ಲಿ ಬಹಳ ಸುಲಭ. ಗೃಹಪ್ರವೇಶದ ದಿನ ಹಾಲು ಉಕ್ಕಿಸಿ ಮುಗಿಸುವಷ್ಟರಲ್ಲಿ ಅತ್ತೆಯ ಅವ್ವನಿಗೆ ನೋವು ಶುರುವಾಗಿ, ಸಂಜೆಗೆ ಅತ್ತೆ ಹುಟ್ಟಿದರಂತೆ. ಹೊಸ ಮನೆಗೆ ಲಕ್ಷ್ಮಿ ಬಂದಳೆಂದೇ ಆ ಹೆಸರು. ಬೀದಿಗೆಲ್ಲ ಗೊತ್ತಿರುವ ಕಥೆ ಇದು. ಅತ್ತೆಗೆ ಅರವತ್ತೆಂಟು, ಹಾಗಾಗಿ ಮನೆಗೂ ಅರವತ್ತೆಂಟು. ಮಾವನಿಗೆ ಎಪ್ಪತ್ತು. ಈ ಎರಡು ವರ್ಷದ ಅಂತರ ನಮ್ಮ ಮನೆಯಲ್ಲಿ ಬಹಳ ಬಳಕೆಯಲ್ಲಿರುವ ವಸ್ತು. ಯಾವ ವಾದ ಬಂದರೂ ಕೊನೆಗೆ ಮಾವ, "ಲೇ, ನಿನ್ಗಿಂತ ಎರಡು ವರ್ಸ ಮುಂಚೆ ಭೂಮಿಗ್ ಬಂದಿವ್ನಿ, ನಂಗೊತ್ತು ಕಣೇ" ಎಂದು ಗೆದ್ದುಬಿಡುತ್ತಿದ್ದರು.

ಅರ್ಜಿ ತೆಗೆದುಕೊಂಡು ಹೋದೆ. ಶಿವಲಿಂಗಯ್ಯನವರು ಹಳದಿಗಟ್ಟಿದ ರಿಜಿಸ್ಟರನ್ನು ತಿರುವಿ, "ನೀವು ಕಮ್ಮಿ ಬರ್ದಿದ್ದೀರ ಮೇಡಂ. ಈ ಮನೆ ಕಟ್ಟಿ ಎಪ್ಪತ್ತೆರಡು ವರ್ಸ ಆಗೈತೆ" ಅಂದರು. ಅತ್ತೆಯ ಅಪ್ಪನ ಹೆಸರು, ಮನೆ ನಂಬರು, ಇಸವಿ, ಎಲ್ಲ ಸ್ಪಷ್ಟವಾಗಿತ್ತು. ನಾಲ್ಕು ವರ್ಷ ಹೆಚ್ಚಿಗೆ ಸವಕಳಿ ಸಿಕ್ಕಿತಲ್ಲ ಎಂದು ನಾನು ಬೀಗುತ್ತಾ ಮನೆಗೆ ಬಂದು, ಮುದ್ದೆ ತಿರುವುತ್ತಿದ್ದ ಅತ್ತೆಗೆ ಹೇಳಿದೆ. ಅತ್ತೆಯ ಕೈ ನಿಂತುಹೋಯಿತು. ಅವರು ಮಾವ ಕೂತಿದ್ದ ಜಗಲಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ನಮ್ಮಪ್ಪ ನಾಕು ವರ್ಸ ನುಂಗ್ಬುಟ್ಟ ಕಣವ್ವ. ಹೆಣ್ಣು ಗಂಡಿಗಿಂತ ಚಿಕ್ಕದಾಗಿರ್ಬೇಕು ಅಂತ ನಿಮ್ಮಾವ್ನ ಅವ್ವ ಹಟ ಹಿಡಿದಿದ್ರಂತೆ. ಅದುಕ್ಕೆ ನನ್ನ ಚಿಕ್ಕೋಳು ಮಾಡ್ದ. ನನ್ನ ಜೊತ್ಗೆ ಮನೇನೂ ಚಿಕ್ಕದಾಯ್ತು."

ಅಂದರೆ ಅತ್ತೆ ಮಾವನಿಗಿಂತ ಎರಡು ವರ್ಷ ದೊಡ್ಡವರು. ಈ ಲೆಕ್ಕ ಮಾತ್ರ ನನಗೆ ಒಂದೇ ಸಲಕ್ಕೆ ಬಂತು. ನಗು ಬಂದದ್ದು ನಿಜ. ಆದರೆ ಅತ್ತೆಯ ಮುಖ ನೋಡಿ ನುಂಗಿಕೊಂಡೆ. "ಐವತ್ತು ವರ್ಸ ಸುಳ್ಳು ಹೇಳ್ಕಂಡೇ ಊಟಕ್ಕಿಕ್ಕಿದ್ಲು ಅನ್ಕಳಕಿಲ್ವಾ ಅವ್ರು? ನಾಕು ವರ್ಸದ ಸವಕಳಿ ಬ್ಯಾಡ ಕಣವ್ವ, ಅರವತ್ತೆಂಟೇ ಇರ್ಲಿ ಬುಡು" ಅಂದರು. ಇರಲಿ ಅತ್ತೆ, ನಾನು ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟೆ.

ಮಾತು ಕೊಡುವುದು ಸುಲಭ. ಮಾರನೆಯ ದಿನ ಶಿವಲಿಂಗಯ್ಯನವರ ಮುಂದೆ ಕೂತು, ರಿಜಿಸ್ಟರಿಗಿಂತ ಮನೆ ಚಿಕ್ಕದು, ಹೆಚ್ಚಿಗೆ ಬಂದರೂ ಕಟ್ಟುತ್ತೇವೆ ಎಂದು ವಾದಿಸಿದೆ. ಕಡಿಮೆ ಮಾಡಿ ಎಂದು ಜಗಳವಾಡುವವರನ್ನು ಅವರು ದಿನವೂ ಕಂಡಿದ್ದರು. ಹೆಚ್ಚು ಕಟ್ಟುತ್ತೇನೆಂದು ಹಟ ಮಾಡುವವಳನ್ನು ಕಂಡದ್ದು ಅದೇ ಮೊದಲಿರಬೇಕು. ಕನ್ನಡಕ ತೆಗೆದು ನನ್ನನ್ನೇ ನೋಡಿದರು. ದಾಖಲೆಗೂ ಅರ್ಜಿಗೂ ತಾಳೆಯಾಗದಿದ್ದರೆ ಮನೆಯ ಯಜಮಾನಿಯೇ ಬಂದು ಹೇಳಿ ಸಹಿ ಹಾಕಬೇಕು ಎಂದರು.

ಅತ್ತೆ ಹೊರಟರೆ ಮಾವ ಬಿಟ್ಟಾರೆಯೇ? "ಅವ್ಳಿಗೆ ಆಫೀಸು ವ್ಯವಾರ ಏನ್ ಗೊತ್ತಾಯ್ತದೆ" ಎಂದು ಮೊಣಕಾಲು ಹಿಡಿದುಕೊಂಡೇ ಆಟೋ ಹತ್ತಿದರು. ದಾರಿಯುದ್ದಕ್ಕೂ ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದರು. ನನಗೆ ನನ್ನ ಕುತೂಹಲದ ಮೇಲೆ ಮೊದಲ ಸಲ ಅಸಹ್ಯವಾಯಿತು.

ಶಿವಲಿಂಗಯ್ಯನವರಿಗೆ ಇದೇನೂ ಗೊತ್ತಿಲ್ಲ ಪಾಪ. "ಅಮ್ಮಾರೆ, ರಿಜಿಸ್ಟರಲ್ಲಿ ಎಪ್ಪತ್ತೆರಡು ಐತೆ, ಮೇಡಂ ಅರವತ್ತೆಂಟು ಅಂತ ಬರ್ದವ್ರೆ. ಯಾವುದು ಸರಿ ಹೇಳಿ" ಎಂದು ಪೆನ್ನು ಕೊಟ್ಟರು. ಪೆನ್ನು ಹಿಡಿದ ಅತ್ತೆ, ಸಹಿಯ ಮೇಲಿರುವ ಸಾಲಿನಲ್ಲಿ ಏನು ಬರೆದಿದೆ ಎಂದು ನನ್ನನ್ನು ಕೇಳಿದರು. ಮೇಲಿನ ವಿವರಗಳೆಲ್ಲ ನಾನು ತಿಳಿದ ಮಟ್ಟಿಗೆ ಸತ್ಯ ಎಂದು ಓದಿದೆ. ಅತ್ತೆ ಮಾವನ ಕಡೆ ನೋಡದೆ, "ಎಪ್ಪತ್ತೆರಡೇ ಸರಿ. ಅಂಗೇ ಬರ್ಕಳಿ" ಅಂದು ಅಕ್ಷರ ಕೂಡಿಸಿ ಸಹಿ ಹಾಕಿದರು.

ತುಂಬಿದ ಬಸ್ಸಿನಲ್ಲಿ ಕಾಗದ ಪೆನ್ನಿಲ್ಲದೆ ಲೆಕ್ಕ ಹಾಕಿದ ತಲೆ ಮಾವನದು. ಅವರ ತುಟಿ ಒಂದೇ ಸಲ ಅಲುಗಿತು. ಅಷ್ಟಕ್ಕೇ ಕೂಡಿ ಕಳೆದು ಮುಗಿದಿತ್ತು. ಮಾತು ಬದಲಿಸಲು ನಾನು, ಈಗ ಎಷ್ಟು ಕಡಿಮೆಯಾಯಿತು ಸಾರ್ ಎಂದೆ. "ಏನೂ ಇಲ್ಲ ಮೇಡಂ. ಒಂದು ಹಂತ ದಾಟಿದ್ಮೇಲೆ ಸವಕಳಿ ಅಲ್ಲಿಗೇ ನಿಲ್ತದೆ. ಅರವತ್ತೆಂಟಾದ್ರೂ ಅಷ್ಟೇ, ಎಪ್ಪತ್ತೆರಡಾದ್ರೂ ಅಷ್ಟೇ" ಅಂದರು. ಜಗತ್ತಿನ ಪ್ರಶ್ನೆಗಳನ್ನೆಲ್ಲ ಕೇಳಿದ್ದ ನಾನು ಇದೊಂದನ್ನು ಕೇಳಿರಲಿಲ್ಲ.

ಮನೆ ಮುಟ್ಟಿದ ಕೂಡಲೇ ಅತ್ತೆ ಅಡುಗೆಮನೆ ಸೇರಿದರು. ಮಾವ ಹೊರಗಿನಿಂದ ಬಂದರೆ ಜಗಲಿಯಿಂದಲೇ "ಲೇ, ನೀರು" ಎಂದು ಕೂಗುವವರು. ಅವತ್ತು ಕುಂಟುತ್ತಾ ಅಡುಗೆಮನೆ ಬಾಗಿಲಿನವರೆಗೆ ಹೋಗಿ, "ಒಸಿ ನೀರು ಕೊಡ್ತೀರಾ?" ಅಂದರು.

ಅತ್ತೆ ತಿರುಗಿ, "ಏನಂದ್ರಿ?" ಎಂದರು.

"ದೊಡ್ಡೋರ್ಗೆ ಲೇ ಅನ್ನಾಕಾಯ್ತದಾ?" ಮಾವನ ಮುಖದಲ್ಲಿ ಕೋಪವಿತ್ತೋ ನಗುವಿತ್ತೋ ನನಗೆ ಹಿಂದಿನಿಂದ ಕಾಣಲಿಲ್ಲ. ನೀರು ಕುಡಿದು ಲೋಟ ಕೆಳಗಿಟ್ಟು, "ನಿಮ್ಮಪ್ಪ ಅಂಗ್ ಮಾಡ್ದೆ ಇದ್ದಿದ್ರೆ ನಮ್ಮವ್ವ ಒಪ್ತಿರ್ನಿಲ್ಲ ಬುಡು. ಆದ್ರೂ ನಂಗೊಂದ್ ಮಾತು ಹೇಳ್ಬೌದಾಗಿತ್ತು" ಅಂದರು.

"ಹೇಳಿದ್ರೆ ಜಗಳದಾಗೆ ಏನ್ ಹೇಳಿ ಗೆಲ್ತಿದ್ರಿ ನೀವು?" ಅಂದರು ಅತ್ತೆ. ಕಣ್ಣೊರೆಸಿಕೊಳ್ಳುತ್ತಲೇ ಅಂದರು.

ಮಾವ ನಕ್ಕುಬಿಟ್ಟರು. ಆಮೇಲೆ ಒಂದು ವಾರ ಬನ್ನಿ, ಕೂತ್ಕಳಿ, ಊಟ ಮಾಡಿ ಎಂದು ಅತ್ತೆಯನ್ನು ಗೋಳು ಹುಯ್ದುಕೊಂಡರು. ಆದರೆ ಆ ಆಟ ಬಹಳ ದಿನ ಅವರ ಕೈಯಲ್ಲಿ ಉಳಿಯಲಿಲ್ಲ. ಈಗ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ, ವೈದ್ಯರ ಹತ್ತಿರ ನಡೆಯಿರಿ ಎಂದಾಗ ಅವರು ಗೊಣಗಿದರೆ ಅತ್ತೆ, "ಎರಡು ವರ್ಸ ಮುಂಚೆ ಬಂದಿವ್ನಿ ಭೂಮಿಗೆ, ಹೇಳಿದ್ ಕೇಳಿ" ಅನ್ನುತ್ತಾರೆ. ಮಾವ ಎದ್ದು ಚಪ್ಪಲಿ ಹುಡುಕುತ್ತಾರೆ.

ಮೊನ್ನೆ ಭಾನುವಾರ ಊಟಕ್ಕೆ ಕೂತಾಗ ನಮ್ಮವರು ಈ ಕಥೆಯನ್ನು ಮತ್ತೊಮ್ಮೆ ಹೇಳಿಸಿಕೊಂಡು ಹೊಟ್ಟೆ ತುಂಬ ನಕ್ಕರು. ನಕ್ಕು ಮುಗಿಸಿ, ಸಾರು ಕಲಸುತ್ತಾ, "ಅಂದಹಾಗೆ, ನಿನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ನಾನು ಒಂದ್ಸಲಾನೂ ನೋಡೇ ಇಲ್ವಲ್ಲ. ಎಲ್ಲೈತೆ ಅದು?" ಎಂದು ಕೇಳಿದರು. ಅತ್ತೆ ತಲೆ ತಗ್ಗಿಸಿ ಮಜ್ಜಿಗೆ ಬಡಿಸಿದರು. ಮಾಗಡಿಯಲ್ಲಿರುವ ನಮ್ಮಪ್ಪನೂ ಹೆಣ್ಣು ಹೆತ್ತವರೇ ತಾನೇ. ಅಟ್ಟದ ಮೇಲೆ ಯಾವುದೋ ಟ್ರಂಕಿನಲ್ಲಿರಬೇಕು, ಬಿಡುವು ಮಾಡಿಕೊಂಡು ಹುಡುಕುತ್ತೇನೆ ಎಂದೆ. ಅದು ಯಾವ ಸೀರೆಯ ಮಡಿಕೆಯಲ್ಲಿದೆ ಎಂದು ನನಗೆ ಚೆನ್ನಾಗಿ ಗೊತ್ತು.