ಬಿಳಿ ರಕ್ತಕಣ ಸಾಕಿದ ಮಾವ

ನಮ್ಮ ಸೋದರಮಾವನಿಗೆ ಮನುಷ್ಯರಿಗಿಂತ ಹುಳುಗಳ ಮೇಲೆ ಗೌರವ ಹೆಚ್ಚು. ಇದು ಚಾಡಿ ಮಾತಲ್ಲ, ನಾಲ್ಕು ಜನರ ಮುಂದೆ ಅವರೇ ಒಪ್ಪಿಕೊಂಡದ್ದು! ಶಿಡ್ಲಘಟ್ಟದ ಪಕ್ಕದ ನಮ್ಮ ಹಳ್ಳಿಯಲ್ಲಿ ರೇಷ್ಮೆಹುಳು ಸಾಕದ ಮನೆಯೇ ಇರಲಿಲ್ಲ. ಆದರೆ ಮಾವನ ಹಾಗೆ ಸಾಕುವವರು ಇನ್ನೊಬ್ಬರಿರಲಿಲ್ಲ. ಅವರ ಹುಳುಮನೆಗೆ ಹೋಗಬೇಕಾದರೆ ಕೈಕಾಲು ತೊಳೆಯಬೇಕು, ಬೀಡಿ ಸೇದಿರಬಾರದು, ಪೌಡರ್ ಬಳಿದಿರಬಾರದು. ಹೆಣ್ಣು ಕೊಟ್ಟ ಮಾವನವರೇ ಒಮ್ಮೆ ನಶ್ಯ ಏರಿಸಿಕೊಂಡು ಒಳಗೆ ಹೊರಟಾಗ ಇವರು ಬಾಗಿಲಿಗೆ ಅಡ್ಡ ನಿಂತು, "ನೀವು ಸೀನ್ತೀರಿ ಅಷ್ಟೇ, ನನ್ನ ಹುಳ ಸತ್ತೇ ಹೋಗ್ತವೆ" ಎಂದಿದ್ದರು. ಆ ಹಿರಿಯರು ಎರಡು ವರ್ಷ ಈ ಕಡೆ ತಲೆ ಹಾಕಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ, ನನಗೆ ಹನ್ನೊಂದು ತುಂಬಿದಾಗ, ರಕ್ತದ ಕ್ಯಾನ್ಸರ್ ಬಂತು. ಅಪ್ಪ ತೀರಿಕೊಂಡ ಮೇಲೆ ಅಮ್ಮನೂ ನಾನೂ ಮಾವನ ಮನೆಯಲ್ಲೇ ಇದ್ದೆವು. ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ವಿಷಯ ಹೇಳಿದಾಗ ಅಮ್ಮ ಗೋಡೆಗೊರಗಿ ಅಳತೊಡಗಿದಳು. ಹುಡುಗಿ ಬದುಕುತ್ತಾಳೋ ಇಲ್ಲವೋ ಎಂದು ಕೇಳಬೇಕಾಗಿದ್ದ ಮಾವ ಕೇಳಿದ್ದೇನು ಗೊತ್ತೆ?

"ಡಾಕ್ಟ್ರೆ, ಈ ಕೆಟ್ಟ ಕಣ ಏನ್ ತಿಂತವೆ?"

ಅಂಥ ಪ್ರಶ್ನೆಯನ್ನು ಆ ಡಾಕ್ಟರಿಗೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಖುಷಿಯಾಗಿ ಕಾಗದ ಎಳೆದುಕೊಂಡು ಚಿತ್ರ ಬರೆದೇಬಿಟ್ಟರು. "ಇವೂ ಬಿಳಿ ರಕ್ತಕಣಗಳೇ, ಹುಟ್ಟುವಾಗಲೇ ಕೆಟ್ಟವು. ಒಳ್ಳೆ ಕಣಗಳು ತಮಗೆ ಬೇಕಾದ ಅಡಿಗೆ ತಾವೇ ಮಾಡ್ಕೊಳ್ತವೆ. ಇವಕ್ಕೆ ಒಂದು ಪದಾರ್ಥ ಮಾಡ್ಕೊಳ್ಳೋಕೆ ಬರಲ್ಲ. ರಕ್ತದಲ್ಲಿರೋದನ್ನೇ ತಿಂದು ಬದುಕ್ತವೆ. ನಾವು ಕೊಡೋ ಇಂಜೆಕ್ಷನ್ ಅದನ್ನ ಒಡೆದುಹಾಕುತ್ತೆ. ಹೊಟ್ಟೆಗಿಲ್ಲದೆ ಸಾಯ್ತವೆ."

"ಅಂದ್ರೆ ಸೊಪ್ಪು ನಿಲ್ಲಿಸ್ತೀರಿ!" ಎಂದರು ಮಾವ.

"ಯಾವ ಸೊಪ್ಪು?"

"ನಮ್ಮ ಹುಳಾನೂ ಹಂಗೇ ಸ್ವಾಮಿ. ಹಿಪ್ಪುನೇರಳೆ ಬಿಟ್ರೆ ಬೇರೇದು ಮೂಸಲ್ಲ. ಅದಿರ್ಲಿ, ಆ ಪದಾರ್ಥ ಯಾವುದ್ರಲ್ಲಿರುತ್ತೆ?"

"ಎಲ್ಲದರಲ್ಲೂ ಅಷ್ಟಿಷ್ಟು ಇರುತ್ತೆ. ಆಲೂಗಡ್ಡೆ, ಬೇಳೆ..."

ಡಾಕ್ಟರು ಹೇಳಿದ ಮೊದಲ ಹೆಸರೇ ಸಾಕಾಯಿತು! ಊರಿಗೆ ಬಂದವರೇ ಮನೆಯಲ್ಲಿದ್ದ ಆಲೂಗಡ್ಡೆಯನ್ನೆಲ್ಲ ಮೂಟೆ ಕಟ್ಟಿ ಆಚೆ ಹಾಕಿದರು. ಆಲೂಗಡ್ಡೆಯನ್ನು ಗಾಡಿಗಟ್ಟಲೆ ಬೆಳೆಯುವ ಸೀಮೆಯಲ್ಲಿ ಇದೆಂಥ ಹಟ ನೋಡಿ! ಅಮ್ಮ ಬೇಡಿಕೊಂಡಳು: "ಅಣ್ಣ, ಊಟದಲ್ಲಿ ಏನೂ ಬಿಡಬೇಡಿ ಅಂತ ಡಾಕ್ಟ್ರು ಹೇಳಿದ್ರಲ್ಲ."

"ನೀನು ಸುಮ್ನಿರಮ್ಮ. ಡಾಕ್ಟ್ರು ಸೂಜಿ ಕಡೆಯಿಂದ ಬರ್ಲಿ, ನಾನು ಅಡಿಗೆಮನೆ ಕಡೆಯಿಂದ ಬರ್ತೀನಿ."

ಮುಂದಿನ ಸಲ ಡಾಕ್ಟರು ಚೆನ್ನಾಗಿ ಗದರಿದರು. ಆಲೂಗಡ್ಡೆ ಮನೆಗೆ ವಾಪಸು ಬಂತು. ಮಾವ ಮಾತ್ರ ಪಲ್ಯದಲ್ಲಿ ಸಿಕ್ಕ ಹೋಳುಗಳನ್ನು ತಟ್ಟೆಯ ಅಂಚಿಗೆ ತಳ್ಳಿ, ಮೊಕದ್ದಮೆ ಹೂಡಿದ ದಾಯಾದಿಯನ್ನು ನೋಡುವಂತೆ ನೋಡುತ್ತಿದ್ದರು.

ಔಷಧಿಯಿಂದ ಒಳ್ಳೆ ಬಿಳಿ ಕಣಗಳೂ ಕೆಲವು ದಿನ ಕಡಿಮೆಯಾಗುತ್ತವೆ, ಯಾವ ಸೋಂಕೂ ತಗುಲಬಾರದು ಎಂದು ಡಾಕ್ಟರು ಹೇಳಿದ್ದರು. ಹೇಳಿದ್ದು ಯಾರಿಗೆ? ಮಾರನೆಯ ದಿನವೇ ನನ್ನ ಕೋಣೆಗೆ ಸುಣ್ಣ ಬಿತ್ತು. ಹುಳುಮನೆಯ ಥರ್ಮಾಮೀಟರು ನನ್ನ ತಲೆಯ ಮೇಲೆ ನೇತಾಡಿತು. ಹೊಸಿಲಲ್ಲಿ ಬ್ಲೀಚಿಂಗ್ ಪೌಡರ್ ಕದಡಿದ ನೀರಿನ ಬೋಗುಣಿ ಬಂದು ಕೂತಿತು. ಮಾವನ ಗೂಡುಗಳನ್ನು ಕೊಂಡು ನೂಲು ತೆಗೆಯುತ್ತಿದ್ದ ಶಿಡ್ಲಘಟ್ಟದ ಸಾಹೇಬರು, ಅವರ ಮೂವತ್ತು ವರ್ಷಗಳ ಗೆಳೆಯರು, ಅತ್ತರು ಪೂಸಿಕೊಂಡು ನನ್ನನ್ನು ನೋಡಲು ಬಂದರು. ಅವರನ್ನು ಕಿಟಕಿಯಾಚೆ ಬಿಸಿಲಲ್ಲೇ ನಿಲ್ಲಿಸಲಾಯಿತು.

"ಅರೆ ಗೌಡ್ರೆ, ಇಲ್ಲಿ ಹುಳ ಎಲ್ಲಿದಾವೆ? ಮಗು ಐತೆ!"

"ಅವಳ ಬಿಳಿ ಕಣ ಇನ್ನೂ ಚಾಕಿಯಲ್ಲಿದಾವೆ ಸಾಹೇಬ್ರೆ."

ಚಾಕಿ ಎಂದರೆ ಆಗತಾನೇ ಮೊಟ್ಟೆಯೊಡೆದ ಎಳೆಹುಳುಗಳ ಹಂತ. ಸಾಹೇಬರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. "ಹಂಗಾದ್ರೆ ಸರಿ" ಎಂದು ಎರಡು ಹೆಜ್ಜೆ ಹಿಂದೆ ಸರಿದು, ಅಲ್ಲಿಂದಲೇ ಕೂಗಿ ಕೂಗಿ ನನ್ನ ಕ್ಷೇಮ ವಿಚಾರಿಸಿದರು.

ಒಂದು ಬೆಳಿಗ್ಗೆ ನನ್ನ ಕೂದಲು ದಿಂಬಿನ ಮೇಲೆ ಹಿಡಿ ಹಿಡಿಯಾಗಿ ಉಳಿಯಿತು. ಸಾಯುತ್ತೇನೆಂದು ನನಗೆ ಅವತ್ತು ಮೊದಲ ಸಲ ಭಯವಾಯಿತು. ಅಳುತ್ತಾ ಮಾವನನ್ನೇ ಕೇಳಿಬಿಟ್ಟೆ. ಅವರು ನನ್ನ ಬೋಳುತಲೆಯನ್ನು ಬಲು ಗಂಭೀರವಾಗಿ ಪರೀಕ್ಷಿಸಿ, "ಪೊರೆ ಬಿಟ್ಟಿದೀಯ ಕಣಮ್ಮ. ಪೊರೆ ಬಿಟ್ಟ ಹುಳ ದಪ್ಪ ಆಗ್ದೇ ಇರೋದನ್ನ ನಾನಂತೂ ಕಂಡಿಲ್ಲ" ಎಂದರು. ನನ್ನನ್ನು ಹುಳು ಎಂದದ್ದಕ್ಕೆ ಎಷ್ಟು ಸಿಟ್ಟು ಬಂತೆಂದರೆ, ಅಳುವುದೇ ಮರೆತುಹೋಯಿತು!

ಹೀಗೇ ಇಂಜೆಕ್ಷನ್ನು, ಮಾತ್ರೆ, ಬೆಂಗಳೂರಿನ ಬಸ್ಸು ಎಂದು ಮೂರು ವರ್ಷ ಕಳೆಯಿತು. ಕೊನೆಗೊಂದು ದಿನ ಡಾಕ್ಟರು ರಿಪೋರ್ಟು ಮಡಚಿಟ್ಟು, "ಇನ್ನು ಔಷಧಿ ಬೇಡ. ಆಗಾಗ ಬಂದು ತೋರಿಸಿಕೊಂಡು ಹೋಗಿ, ಸಾಕು" ಎಂದರು. ಪ್ರತಿ ಸಲವೂ ಪ್ರಶ್ನೆ ಕೇಳಿ ಅವರ ಪ್ರಾಣ ತಿನ್ನುತ್ತಿದ್ದ ಮಾವ ಅವತ್ತು ಬರೀ ಕೈಮುಗಿದು ಎದ್ದರು.

ಮಾವನೂ ನಾನೂ ಶಿಡ್ಲಘಟ್ಟ ದಾಟಿ ಮುಂದಕ್ಕೆ ಹೋಗುವ ಚಿಂತಾಮಣಿ ಬಸ್ಸು ಹತ್ತಿ ಕೂತೆವು. ಮೂರು ವರ್ಷದ ಆ ಓಡಾಟದಲ್ಲಿ ಮಾವ ಬಸ್ಸಿನಲ್ಲಿ ಒಮ್ಮೆಯೂ ಕಣ್ಣು ಮುಚ್ಚಿದ್ದನ್ನು ನಾನು ನೋಡಿರಲಿಲ್ಲ. ದಾರಿಯುದ್ದಕ್ಕೂ ನನ್ನ ಮಣಿಕಟ್ಟು ಹಿಡಿದೇ ಇರುತ್ತಿದ್ದರು, ಜ್ವರ ಬಂತೇನೋ ಎಂದು. ಅವತ್ತು ದೇವನಹಳ್ಳಿ ದಾಟುವ ಮೊದಲೇ ಅವರ ತಲೆ ನನ್ನ ಭುಜದ ಮೇಲೆ ಬಿತ್ತು. ಬಾಯಿ ತೆರೆದು, ಗೊರಕೆ ಹೊಡೆಯುತ್ತಾ, ಮಗುವಿನಂತೆ ನಿದ್ದೆ ಹೋದರು. ನನಗಿಂತ ಹೆಚ್ಚು ಹೆದರಿದ್ದವರು ಇವರೇ ಎಂದು ನನಗೆ ಆಗ ತಿಳಿಯಿತು. ದುಃಖ ಒತ್ತರಿಸಿ ಬಂತು, ಭುಜ ಅಲುಗಬಾರದೆಂದು ತಡೆದುಕೊಂಡೆ.

"ಶಿಡ್ಲಘಟ್ಟ ಯಾರಪ್ಪಾ, ಇಳ್ಕೊಳ್ಳಿ!" ಎಂದು ಕೂಗುತ್ತಾ ಕಂಡಕ್ಟರು ನಮ್ಮ ಸೀಟಿನ ಹತ್ತಿರ ಬಂದರು. "ಏಳ್ಸಮ್ಮ ಅವ್ರನ್ನ, ನಿಮ್ಮೂರು ಬಂತು."

ನಾನು ತುಟಿಯ ಮೇಲೆ ಬೆರಳಿಟ್ಟು ಮೆಲ್ಲಗೆ ಹೇಳಿದೆ: "ಬೇಡ ಅಣ್ಣ. ಚಿಂತಾಮಣಿಗೆ ಎರಡು ಟಿಕೆಟ್ ಕೊಡಿ."